ಹಾಡು ಗುರುತಿಸುವ ಆ್ಯಪ್‌ಗಳು: ಎರಡು ವರ್ಷ ಬಳಸಿದ ಮೇಲೆ

ಪಕ್ಕದ ಕೋಣೆಯ ರೇಡಿಯೋದಿಂದಲೋ ಯಾರದೋ ವಿಡಿಯೋದ ಹಿನ್ನೆಲೆಯಿಂದಲೋ ಕಿವಿಗೆ ಬಿದ್ದ ವಾದ್ಯಸಂಗೀತದ ತುಣುಕೊಂದು, ಹೆಸರೇ ಗೊತ್ತಿಲ್ಲದೆ, ದಿನವಿಡೀ ತಲೆಯಲ್ಲಿ ಸುತ್ತುವುದುಂಟು. ಸಾಹಿತ್ಯವಿರುವ ಹಾಡಾದರೆ ಅಷ್ಟು ಚಿಂತೆಯಿಲ್ಲ. ಕೇಳಿಸಿದ ಅರ್ಧ ಸಾಲನ್ನು ಟೈಪ್ ಮಾಡಿ ಹುಡುಕಿದರೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಮಾತೇ ಇಲ್ಲದ ಸಂಗೀತವನ್ನು ಯಾವ ಅಕ್ಷರದಲ್ಲಿ ಬರೆದು ಹುಡುಕುವುದು? ಈ ಕಷ್ಟವನ್ನು ಪರಿಹರಿಸಲೆಂದೇ ಇರುವ ಶಜಾಮ್, ಸೌಂಡ್‌ಹೌಂಡ್ ಮತ್ತು ಗೂಗಲ್ ಆ್ಯಪ್‌ನೊಳಗಿನ ಹಾಡು ಹುಡುಕುವ ಸೌಲಭ್ಯ, ಈ ಮೂರನ್ನೂ ನಾನು ಸುಮಾರು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಇವು ನಿಜಕ್ಕೂ ಉಪಯುಕ್ತವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಂದು ವಿಷಯ ಅರ್ಥವಾಗುವವರೆಗೆ ಇವುಗಳ ಮೇಲೆ ನಾನು ಅನವಶ್ಯಕವಾಗಿ ಸಿಟ್ಟು ಮಾಡಿಕೊಂಡದ್ದೂ ಉಂಟು. ಈ ಆ್ಯಪ್‌ಗಳು ಸಾಮಾನ್ಯವಾಗಿ ಗುರುತಿಸುವುದು ಒಂದು ನಿರ್ದಿಷ್ಟ ಧ್ವನಿಮುದ್ರಿಕೆಯನ್ನು. ಅದನ್ನೇ ನಾವು ಹಾಡು ಎಂದುಕೊಂಡಿರುತ್ತೇವೆ.

ಮೂರರಲ್ಲಿ ಹಿರಿಯದು ಶಜಾಮ್. ಅದು 2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದಾಗ ಈಗಿನ ಬಗೆಯ ಸ್ಮಾರ್ಟ್‌ಫೋನ್ ಇರಲಿಲ್ಲ. 2580 ಎಂಬ ಸಂಖ್ಯೆಗೆ ಕರೆ ಮಾಡಿ ಫೋನನ್ನು ಸ್ಪೀಕರಿನ ಕಡೆಗೆ ಹಿಡಿದರೆ, ಸ್ವಲ್ಪ ಹೊತ್ತಿನಲ್ಲಿ ಕರೆ ತಾನಾಗಿಯೇ ಕಡಿದುಹೋಗಿ, ಹಾಡಿನ ಹೆಸರು ಎಸ್ಸೆಮ್ಮೆಸ್ ಮೂಲಕ ಬರುತ್ತಿತ್ತು. ಫೋನಿನ ಗುಂಡಿಗಳ ನಡುವಿನ ಕಂಬಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ ಬೆರಳೆಳೆದರೆ ಸಿಗುವ ಅಂಕಿಗಳೇ 2, 5, 8, 0. ಕತ್ತಲಲ್ಲೂ ತಪ್ಪದೆ ಒತ್ತಬಹುದಾದ ಸಂಖ್ಯೆ. 2008ರಲ್ಲಿ ಅದು ಐಫೋನಿನ ಆ್ಯಪ್ ಆಯಿತು, 2018ರಲ್ಲಿ ಆ್ಯಪಲ್ ಕಂಪನಿಯ ಪಾಲಾಯಿತು, ಆ ಬಳಿಕ ಅದರಲ್ಲಿದ್ದ ಜಾಹೀರಾತುಗಳೂ ಹೋದವು. ಆರಂಭದಿಂದ ಈವರೆಗೆ ಗುರುತಿಸಿದ ಹಾಡುಗಳ ಲೆಕ್ಕ ಹತ್ತು ಸಾವಿರ ಕೋಟಿ ದಾಟಿತೆಂದು 2024ರಲ್ಲಿ ಕಂಪನಿ ಪ್ರಕಟಿಸಿತು. ಇಷ್ಟು ವರ್ಷಗಳಲ್ಲಿ ಬಳಸುವ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ: ನೀಲಿ ಗುಂಡಿ ಒತ್ತಿ, ಕೇಳಿಸು, ಕಾಯಿ.

ಒಳಗೆ ನಡೆಯುವ ಕೆಲಸ ಬಹಳ ಸ್ವಾರಸ್ಯಕರವಾದುದು. ಶಜಾಮ್‌ನ ಸ್ಥಾಪಕರಲ್ಲೊಬ್ಬರಾದ ಏವರಿ ವಾಂಗ್ 2003ರ ಪ್ರಬಂಧವೊಂದರಲ್ಲಿ ಅದನ್ನು ವಿವರಿಸಿದ್ದಾರೆ. ಶಬ್ದವನ್ನು ಮೊದಲು ಒಂದು ನಕ್ಷೆಯಾಗಿ ಹರಡಲಾಗುತ್ತದೆ. ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ವರದ ಕಂಪನಾಂಕ. ಆ ನಕ್ಷೆಯಲ್ಲಿ ಅತಿ ಜೋರಾಗಿರುವ ಬಿಂದುಗಳನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿಬಿಟ್ಟರೆ ಉಳಿಯುವುದು ನಕ್ಷತ್ರಗಳು ಚೆಲ್ಲಿದ ರಾತ್ರಿಯ ಆಕಾಶದಂಥ ಚಿತ್ರ. ಈ ಬಿಂದುಗಳನ್ನು ಎರಡೆರಡಾಗಿ ಜೋಡಿಸಿ, ಪ್ರತಿ ಜೋಡಿಯ ಎರಡು ಕಂಪನಾಂಕಗಳನ್ನೂ ಅವುಗಳ ನಡುವಿನ ಕಾಲದ ಅಂತರವನ್ನೂ ಸೇರಿಸಿ ಒಂದು ಸಂಖ್ಯೆಯನ್ನಾಗಿ ಮಾಡುತ್ತಾರೆ. ನಾವು ಕೇಳಿಸಿದ ತುಣುಕಿನ ಸಂಖ್ಯೆಗಳು ಸಂಗ್ರಹದಲ್ಲಿರುವ ಯಾವುದಾದರೊಂದು ಮುದ್ರಿಕೆಯ ಸಂಖ್ಯೆಗಳೊಡನೆ ಅದೇ ಕ್ರಮದಲ್ಲಿ, ಅದೇ ಕಾಲದ ಅಂತರದಲ್ಲಿ ತಾಳೆಯಾದರೆ ಹಾಡು ಸಿಕ್ಕಿದಂತೆ. ಗದ್ದಲ ಈ ಆಕಾಶಕ್ಕೆ ಒಂದಷ್ಟು ಸುಳ್ಳು ನಕ್ಷತ್ರಗಳನ್ನು ಸೇರಿಸಬಹುದು, ಕೆಲವನ್ನು ಮುಚ್ಚಬಹುದು, ಆದರೆ ಎಲ್ಲವನ್ನೂ ಅಳಿಸಲಾರದು. ಸಂಖ್ಯೆಗಳಲ್ಲಿ ಶೇಕಡ 1 ಅಥವಾ 2ರಷ್ಟು ಮಾತ್ರ ಉಳಿದು ಬಂದರೂ ಗುರುತು ಹಿಡಿಯಬಹುದೆಂದು ಆ ಪ್ರಬಂಧ ತೋರಿಸುತ್ತದೆ. ನಾಲ್ಕು ಜನ ಗಟ್ಟಿಯಾಗಿ ಮಾತಾಡುತ್ತಿರುವ ಕಡೆ, ನಮ್ಮ ಕಿವಿಗೇ ಸರಿಯಾಗಿ ಕೇಳದ ಸಂಗೀತವನ್ನು ಫೋನು ಹೆಸರಿಟ್ಟು ಹೇಳುವುದರ ಗುಟ್ಟು ಇದು.

ಇದೇ ಗುಟ್ಟಿನಲ್ಲಿ ಅದರ ಮಿತಿಯೂ ಇದೆ. ಅದೇ ಗಾಯಕ ಅದೇ ಹಾಡನ್ನು ವೇದಿಕೆಯ ಮೇಲೆ ನಿಂತು ಹಾಡಿದರೆ, ನಮಗೆ ಒಂದೇ ಹಾಡಾಗಿ ಕೇಳಿಸಿದರೂ, ನಕ್ಷೆಯ ಬಿಂದುಗಳೆಲ್ಲ ಬೇರೆ ಜಾಗದಲ್ಲಿರುತ್ತವೆ. ಆದ್ದರಿಂದ ನೇರ ಕಾರ್ಯಕ್ರಮದಲ್ಲಿ ಈ ಬಗೆಯ ಆ್ಯಪ್ ಏನನ್ನೂ ಹೇಳದಿದ್ದರೆ ಅದನ್ನು ದೂರುವಂತಿಲ್ಲ. ತಮಾಷೆಯೆಂದರೆ, ಅಂಥ ಕಡೆ ಅದು ಥಟ್ಟನೆ ಸರಿಯಾದ ಹೆಸರು ಹೇಳಿಬಿಟ್ಟರೆ ಅನುಮಾನಿಸಬೇಕಾದದ್ದು ವೇದಿಕೆಯನ್ನು. ಗಾಯಕ ತುಟಿಯಾಡಿಸುತ್ತಿದ್ದು ಹಿಂದಿನಿಂದ ಧ್ವನಿಮುದ್ರಿಕೆ ನುಡಿಯುತ್ತಿರಬಹುದು.

ಈ ಮಿತಿ ನನಗೆ ಮನದಟ್ಟಾದದ್ದು ಒಂದು ಹಳೆಯ ಕ್ಯಾಸೆಟ್‌ನಿಂದ. ಅದರ ಮೇಲಿನ ಚೀಟಿಯ ಶಾಯಿ ಅಳಿಸಿಹೋಗಿ, "ಭಾಗ 1" ಎಂಬುದು ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಕ್ಯಾಸೆಟ್‌ನಲ್ಲಿದ್ದದ್ದು ಬರೀ ವಾದ್ಯಸಂಗೀತ, ಸಾಕಷ್ಟು ಪ್ರಸಿದ್ಧವಾಗಿರಬೇಕಾದ ಬಗೆಯದೇ. ಫೋನನ್ನು ಪ್ಲೇಯರಿನ ಸ್ಪೀಕರಿಗೆ ಒತ್ತಿ ಹಿಡಿದರೂ ಆ್ಯಪ್ ಹತ್ತು ಹನ್ನೆರಡು ಸೆಕೆಂಡು ತಡಕಾಡಿ "ಫಲಿತಾಂಶವಿಲ್ಲ" ಎಂದು ಕೈಚೆಲ್ಲುತ್ತಿತ್ತು. ಆರೇಳು ಸಲ ಹೀಗಾದ ಮೇಲೆ ಪ್ಲೇಯರಿನ ಹಿಂಬದಿ ಬಿಚ್ಚಿ ನೋಡಿದರೆ, ಚಕ್ರಗಳನ್ನು ತಿರುಗಿಸುವ ರಬ್ಬರ್ ಬೆಲ್ಟು ಸಡಿಲವಾಗಿ ಜೋತುಬಿದ್ದಿತ್ತು. ಟೇಪು ನಿಧಾನವಾಗಿ ಓಡುತ್ತಿದ್ದುದರಿಂದ ಶ್ರುತಿಯೂ ಇಳಿದಿತ್ತು, ನಡೆಯೂ ಎಳೆದಿತ್ತು. ಬಹಳ ದಿನದಿಂದ ಹಾಗೆಯೇ ಕೇಳಿ ಅಭ್ಯಾಸವಾಗಿದ್ದ ನನ್ನ ಕಿವಿಗೆ ವ್ಯತ್ಯಾಸ ತಿಳಿದಿರಲಿಲ್ಲ, ಅಷ್ಟೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಶಬ್ದ ತಿದ್ದುವ ತಂತ್ರಾಂಶದಲ್ಲಿ ವೇಗವನ್ನು ಶೇಕಡ ಅರ್ಧದಷ್ಟು, ಮತ್ತೆ ಅರ್ಧದಷ್ಟು ಏರಿಸುತ್ತ ಪ್ರತಿಸಲವೂ ಫೋನಿಗೆ ಕೇಳಿಸಿದೆ. ಶೇಕಡ ನಾಲ್ಕರ ಹತ್ತಿರ ಬಂದಾಗ, ಮೂರೇ ಸೆಕೆಂಡಿನಲ್ಲಿ, ಆಲ್ಬಮ್ಮಿನ ಬಣ್ಣದ ಮುಖಪುಟದ ಸಮೇತ ಹೆಸರು ತೆರೆಯ ಮೇಲೆ ಬಂದು ನಿಂತಿತು. ಕಂಪನಾಂಕ ಮತ್ತು ಕಾಲ ಎರಡೂ ಮೂಲಕ್ಕೆ ತಾಳೆಯಾಗಬೇಕೆಂಬ ಮಾತನ್ನು ಓದಿ ತಿಳಿದಿದ್ದರೂ, ನಂಬಿದ್ದು ಆವತ್ತೇ.

ಗುನುಗಿ ಹುಡುಕುವುದರ ದಾರಿ ಬೇರೆ. ಅಲ್ಲಿ ಕೇಳಿಸುವುದಕ್ಕೆ ಧ್ವನಿಮುದ್ರಿಕೆಯೇ ಇರುವುದಿಲ್ಲ. ಇರುವುದು ನಮ್ಮ ನೆನಪು ಮತ್ತು ನಮ್ಮ ಗಂಟಲು. ಸೌಂಡ್‌ಹೌಂಡ್ ಬಹಳ ಹಿಂದಿನಿಂದಲೂ ಈ ಸೌಲಭ್ಯಕ್ಕೆ ಹೆಸರಾದದ್ದು. ಅದರ ಮೊದಲ ರೂಪವಾದ ಮಿಡೋಮಿಯಲ್ಲಿ ಬಳಕೆದಾರರು ತಾವೇ ಹಾಡಿ ಸೇರಿಸಿದ ತುಣುಕುಗಳೂ ಹುಡುಕಾಟಕ್ಕೆ ಆಧಾರವಾಗಿದ್ದವು. ಗೂಗಲ್ ಇದನ್ನು 2020ರ ಅಕ್ಟೋಬರಿನಲ್ಲಿ ತನ್ನ ಆ್ಯಪ್‌ಗೆ ಸೇರಿಸಿತು. ಮೈಕಿನ ಗುರುತು ಒತ್ತಿ, ಹಾಡು ಹುಡುಕುವ ಆಯ್ಕೆಯನ್ನು ಆರಿಸಿ, 10ರಿಂದ 15 ಸೆಕೆಂಡು ಗುನುಗಿದರೆ, ವಾದ್ಯ ಯಾವುದು, ಧ್ವನಿ ಹೆಣ್ಣಿನದೋ ಗಂಡಿನದೋ ಎಂಬುದನ್ನೆಲ್ಲ ಬದಿಗಿಟ್ಟು, ಸ್ವರ ಏರಿಳಿಯುವ ಜಾಡನ್ನಷ್ಟೇ ಸಂಖ್ಯೆಗಳ ಸರಣಿಯಾಗಿ ಮಾಡಿಕೊಂಡು ಸಂಗ್ರಹದೊಡನೆ ಹೋಲಿಸಲಾಗುತ್ತದೆ. ಉತ್ತರವೂ ಒಂದೇ ಇರುವುದಿಲ್ಲ. ಹಲವು ಹಾಡುಗಳು, ಪ್ರತಿಯೊಂದರ ಪಕ್ಕದಲ್ಲಿ ಹೋಲಿಕೆ ಶೇಕಡ ಎಷ್ಟು ಎಂಬ ಅಂಕಿ. ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು.

ಆದರೆ ಇದರ ಯಶಸ್ಸು ಗುನುಗುವವರ ಕೈಯಲ್ಲಿದೆ. ಇಂಥ ಒಂದು ಆ್ಯಪ್‌ಗೆ ನಾನು ಒಂದು ಸಂಜೆ ಮೂರು ಸಲ ಒಂದೇ ಹಾಡನ್ನು ಗುನುಗಿದೆ, ಅದು ಮೂರು ಸಲವೂ ಸಂಬಂಧವೇ ಇಲ್ಲದ ಬೇರೆ ಬೇರೆ ಹಾಡುಗಳನ್ನು ಮುಂದಿಟ್ಟಿತು. ಇದು ಹಾಳಾಗಿದೆ ಎಂದು ನಾನು ಗೊಣಗುವುದನ್ನು ಕೇಳಿದ ತಂಗಿ, "ಅಣ್ಣಾ, ನೀನು ಹಾಡು ಎಲ್ಲಿ ಗುನುಗ್ತಿದ್ದೀಯಾ? ಅದು ಪಲ್ಲವಿ ಆದಮೇಲೆ ಬರೋ ಪಿಟೀಲು" ಎಂದು ಫೋನು ಕಿತ್ತುಕೊಂಡು ಪಲ್ಲವಿಯನ್ನು ಎರಡು ಸಾಲು ಗುನುಗಿದಳು; ಹಾಡು ಪಟ್ಟಿಯ ತುದಿಯಲ್ಲೇ ಇತ್ತು. ಆ ಹಾಡಿನಲ್ಲಿ ನನಗೆ ಇಷ್ಟವಾದದ್ದು ಆ ಪಿಟೀಲಿನ ಭಾಗವೇ ಆದ್ದರಿಂದ ನನ್ನ ನೆನಪು ಅದನ್ನೇ ಹಾಡೆಂದು ಹಿಡಿದಿಟ್ಟುಕೊಂಡಿತ್ತು. ಗಾಯಕರು ಹಾಡುವ ಮುಖ್ಯ ರಾಗವನ್ನು ಗುನುಗಬೇಕು, ಪದಗಳನ್ನು ಬಿಟ್ಟು "ನಾ ನಾ" ಎಂದರೂ ನಡೆಯುತ್ತದೆ, ಗಡಿಬಿಡಿ ಮಾಡದೆ ಒಂದೇ ಲಯದಲ್ಲಿ ಸಾಗಬೇಕು. ಶ್ರುತಿ ತಪ್ಪಿದ್ದಕ್ಕಿಂತ ಲಯ ತಪ್ಪಿದ್ದೇ ನನಗೆ ಹೆಚ್ಚು ಸಲ ಮುಳುವಾಗಿದೆ.

ಹೆಸರು ಸರಿಯಾಗಿ ಬಂದಾಗಲೂ ಅದರ ಕೆಳಗಿನ ವಿವರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಒಂದೇ ಧ್ವನಿಮುದ್ರಿಕೆ ಮೂಲ ಆಲ್ಬಮ್ಮಿನಲ್ಲೂ, ಆಮೇಲೆ ಬಂದ ಆಯ್ದ ಹಾಡುಗಳ ಸಂಕಲನಗಳಲ್ಲೂ ಇರುವುದರಿಂದ, ಆ್ಯಪ್ ಅವುಗಳಲ್ಲಿ ಒಂದನ್ನು ಎತ್ತಿ ತೋರಿಸುತ್ತದೆ. ಹಾಗಾಗಿ ಹಾಡು ಹುಟ್ಟಿ ಎಷ್ಟೋ ವರ್ಷಗಳ ಮೇಲೆ ಬಂದ ಸಂಕಲನದ ಹೆಸರೂ ಇಸವಿಯೂ ಹಾಡಿನದೇ ಎಂಬಂತೆ ಕಾಣಿಸುವುದುಂಟು. ಗಾಯಕರ ಹೆಸರಿನ ಜಾಗದಲ್ಲಿ ಸಂಗೀತ ಸಂಯೋಜಕರ ಹೆಸರಿರುವುದು, ಹಾಡು ಬರೆದವರ ಹೆಸರು ಎಲ್ಲಿಯೂ ಇಲ್ಲದಿರುವುದು ಕೂಡ ಸಾಮಾನ್ಯ. ಧ್ವನಿಮುದ್ರಿಕೆಯ ಜೊತೆ ಕಂಪನಿಗಳು ಒದಗಿಸಿದ ಮಾಹಿತಿಯೇ ಹೀಗಿರುವಾಗ ಆ್ಯಪ್ ಅದನ್ನು ತಿದ್ದಲಾರದು ಎಂಬುದು ನಿಜವಾದರೂ, ಸಂಗೀತವನ್ನು ಗಂಭೀರವಾಗಿ ಹಿಂಬಾಲಿಸುವವರಿಗೆ ಇದು ದೊಡ್ಡ ಕೊರತೆ. ಹೆಸರು ಸಿಕ್ಕ ಮೇಲೆ ಇಸವಿ ಮತ್ತು ಕಲಾವಿದರನ್ನು ಬೇರೆ ಕಡೆ ಪರಿಶೀಲಿಸುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇಂಟರ್ನೆಟ್ ಇಲ್ಲದಾಗ ಶಜಾಮ್ ತುಣುಕಿನ ಗುರುತನ್ನು ಉಳಿಸಿಟ್ಟುಕೊಂಡು ಸಂಪರ್ಕ ಬಂದಾಗ ಉತ್ತರ ಹೇಳುತ್ತದೆ. ಪ್ರಯಾಣದಲ್ಲಿ ಇದು ತುಂಬ ಅನುಕೂಲ. ಅದೇ ಫೋನಿನ ಇನ್ನೊಂದು ಆ್ಯಪ್‌ನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿರುವ ಸಂಗೀತವನ್ನೂ ಅದು ಗುರುತಿಸಬಲ್ಲದು. ಐಫೋನಿನಲ್ಲಿ ಆ್ಯಪ್ ಹಾಕಿಕೊಳ್ಳದೆಯೇ ಕಂಟ್ರೋಲ್ ಸೆಂಟರಿಗೆ ಇದರ ಗುಂಡಿಯನ್ನು ಸೇರಿಸಿಕೊಳ್ಳಬಹುದು. ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ 2017ರಿಂದ ಇರುವ ವ್ಯವಸ್ಥೆಯಂತೂ ಕೇಳುವ ಮೊದಲೇ ಉತ್ತರ ಹೇಳುತ್ತದೆ: ಸುತ್ತ ಸಂಗೀತ ಕೇಳಿಸಿದರೆ, ಫೋನಿನೊಳಗೇ ಇರುವ ಸಂಗ್ರಹದಲ್ಲಿ ಹುಡುಕಿ, ಲಾಕ್ ಆಗಿರುವ ತೆರೆಯ ಮೇಲೆ ಹೆಸರನ್ನು ಬರೆದಿಡುತ್ತದೆ. ಸ್ನೇಹಿತರೊಬ್ಬರ ಫೋನಿನಲ್ಲಿ ಇದನ್ನು ಕಂಡು ಆಸೆಯಾದರೂ, ಸದಾ ಕಿವಿ ತೆರೆದಿರುವ ಫೋನನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ಬೇಡವೆಂದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಹಾಗೆಯೇ, ಈ ಬಗೆಯ ಆ್ಯಪ್ ಮೈಕಿನ ಅನುಮತಿಯ ಜೊತೆಗೆ ನೀವಿರುವ ಸ್ಥಳದ ಅನುಮತಿ ಕೇಳಿದರೆ ನಿರಾಕರಿಸಿ. ಹಾಡು ಗುರುತಿಸಲು ಅದು ಬೇಕಾಗಿಲ್ಲ.

ಹೊಸದಾಗಿ ಬಳಸುವವರು ಒಂದೇ ಆ್ಯಪ್ ಸಾಕೆಂದು ಕೇಳಿದರೆ ನಾನು ಶಜಾಮ್ ಅನ್ನೇ ಹೇಳುತ್ತೇನೆ. ಎಲ್ಲೋ ನುಡಿಯುತ್ತಿರುವ ಮುದ್ರಿತ ಸಂಗೀತವೇ ನಮಗೆ ಹತ್ತಕ್ಕೆ ಒಂಬತ್ತು ಸಲ ಎದುರಾಗುವುದು, ಅಲ್ಲಿ ಅದರ ವೇಗ ಮತ್ತು ಖಚಿತತೆ ಸಾಟಿಯಿಲ್ಲದ್ದು. ಗುನುಗುವುದಕ್ಕೆ ಗೂಗಲ್ ಸಾಕು, ಅದು ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಸೌಂಡ್‌ಹೌಂಡ್ ಎರಡೂ ಕೆಲಸವನ್ನು ಒಂದೇ ಗುಂಡಿಯಲ್ಲಿ ಮಾಡುತ್ತದೆಂಬುದು ಅದರ ಹೆಚ್ಚುಗಾರಿಕೆಯಾದರೂ, ನನ್ನ ಬಳಕೆಯಲ್ಲಿ ಮೂರನೆಯದರ ಅಗತ್ಯ ಬೀಳಲಿಲ್ಲ. ಮುಖ್ಯವಾದ ಮಾತೆಂದರೆ ತಡಮಾಡಬಾರದು: ಚೆನ್ನಾಗಿದೆಯಲ್ಲ ಎಂದು ಕೇಳುತ್ತ ಕೂತರೆ ಹಾಡು ಮುಗಿದಿರುತ್ತದೆ. ಆದ್ದರಿಂದ ಈ ಗುಂಡಿಯನ್ನು ಫೋನಿನ ಮೊದಲ ಪರದೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಅಂದಹಾಗೆ, ಆ ಕ್ಯಾಸೆಟ್‌ನ ಎರಡನೆಯ ಬದಿಯಲ್ಲಿ ಕೊಳಲಿನ ಇನ್ನೊಂದು ತುಣುಕಿದೆ. ಬೆಲ್ಟು ಬದಲಾಯಿಸಿಯೂ, ವೇಗ ತಿದ್ದಿಯೂ, ನಾನು ಗುನುಗಿಯೂ, ತಂಗಿ ಗುನುಗಿಯೂ ನೋಡಿದ್ದಾಯಿತು. ಮೂರೂ ಆ್ಯಪ್‌ಗಳು ಸುಮ್ಮನಿವೆ. ಯಾವ ಸಂಗ್ರಹಕ್ಕೂ ಸೇರದೆ ಉಳಿದ ಮುದ್ರಿಕೆ ಅದಾಗಿರಬೇಕು. ಕಂಪ್ಯೂಟರಿಗೆ ಇಳಿಸಿಟ್ಟ ಆ ಫೈಲಿಗೆ ಸದ್ಯಕ್ಕೆ "ಭಾಗ 2" ಎಂದೇ ಹೆಸರಿಟ್ಟಿದ್ದೇನೆ.