ಗೇರೆಣ್ಣೆ, ಬಿಳಿಗಾರ, ಸುಟ್ಟ ಆಯಿಲ್: ಪಕ್ಕಾಸಿಗೆ ಯಾವುದು, ಬೇಲಿಗೂಟಕ್ಕೆ ಯಾವುದು

ಬೋಗಿ, ಹೆಬ್ಬಲಸು, ಸಾಗುವಾನಿಯ ಚೇಗು (ಒಳಗಿನ ಗಟ್ಟಿ ತಿರುಳು) ಸಿಗುತ್ತಿದ್ದ ಕಾಲದಲ್ಲಿ ಹಂಚಿನ ಮಾಡಿನ ಪಕ್ಕಾಸಿಗೆ, ಅಂದರೆ ಹಂಚು ಹೊರುವ ಓರೆ ಮರಕ್ಕೆ, ಏನು ಬಳಿಯಬೇಕು ಎಂದು ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಈಗ ಕರಾವಳಿ, ಮಲೆನಾಡಿನ ಮಿಲ್ಲುಗಳಲ್ಲಿ ಕೊಯ್ಯುವುದು ಬಹುಪಾಲು ಅಕೇಶಿಯಾ, ಮಾವು, ಸಿಲ್ವರ್ ಓಕ್, ರಬ್ಬರ್. ಎಳೆಯ ಮರಗಳಾದ್ದರಿಂದ ಸುತ್ತಲಿನ ಬಿಳಿ ಭಾಗ ದಪ್ಪ, ಚೇಗು ಕಡಿಮೆ. ಹಾಳಾಗುವುದು ಮೊದಲು ಆ ಬಿಳಿ ಭಾಗವೇ. ಇಂಥ ಮರಕ್ಕೆ ಜನ ಬಳಸುವ ಮದ್ದುಗಳನ್ನು ಒಂದೇ ಹಲಗೆಯಿಂದ ಕೊಯ್ದ ತುಂಡುಗಳಿಗೆ ಹಾಕಿ, ಕೆಲವನ್ನು ಮಾಡಿನ ಕೆಳಗೆ, ಕೆಲವನ್ನು ಇರಿಚಲು ಹೊಡೆಯುವ ಸೂರಿನ ಅಂಚಿಗೆ, ಕೆಲವನ್ನು ಹುತ್ತದ ಪಕ್ಕ ಅರ್ಧ ಹೂತು ನೋಡಿದ್ದೇವೆ. ಪ್ರತಿ ಜಾಗದಲ್ಲೂ ಏನನ್ನೂ ಹಚ್ಚದ ಒಂದು ತುಂಡು ಇತ್ತು. ಅದಿಲ್ಲದೆ ಹೋಲಿಕೆಗೆ ಅರ್ಥವಿಲ್ಲ.

ಮರ ಹಾಳಾಗುವುದು ಮೂರು ದಾರಿಯಲ್ಲಿ. ಕುಂಬಾಗುವುದು, ಅಂದರೆ ಕೊಳೆಯುವುದು, ಬೂಸ್ಟಿನ ಕೆಲಸ. ಮರದ ತೇವಾಂಶ ಶೇ. 20ರ ಕೆಳಗಿದ್ದರೆ ಅದು ಶುರುವಾಗುವುದಿಲ್ಲ. ಕುಟ್ಟೆ ಹುಳುವಿಗೆ ಬೇಕಾದದ್ದು ಬಿಳಿ ಭಾಗದಲ್ಲಿರುವ ಪಿಷ್ಟ. ಮರ ಒಣಗಿದ್ದರೂ ಅದು ಕೊರೆಯುತ್ತದೆ, ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತದೆ. ಗೆದ್ದಲು ಮಣ್ಣಿನ ಗೂಡು ಕಟ್ಟಿಕೊಂಡು ತನ್ನ ತೇವವನ್ನು ತಾನೇ ತರುತ್ತದೆ. ನೀರು ತಡೆದರೆ ಸಾಕು ಎಂಬ ಮಾತು ಕುಂಬಿಗೆ ಮಾತ್ರ ಸರಿ, ಕುಟ್ಟೆಗೆ ಸಲ್ಲದು.

ಮೊದಲು ಸುಟ್ಟ ಆಯಿಲ್. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವುದರಿಂದ ಎಲ್ಲರ ಕೈ ಅದಕ್ಕೇ ಹೋಗುತ್ತದೆ. ಅದು ಒಣಗುವ ಎಣ್ಣೆ ಅಲ್ಲ, ಮೈಮೇಲೆ ಜಿಡ್ಡಾಗಿ ಉಳಿದು ಧೂಳು ಹಿಡಿಯುತ್ತದೆ. ಬೂಸ್ಟನ್ನು ಕೊಲ್ಲುವ ಗುಣ ಅದರಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಹೂತ ತುಂಡುಗಳಲ್ಲಿ ಆಯಿಲ್ ಬಳಿದದ್ದಕ್ಕೂ ಏನನ್ನೂ ಬಳಿಯದ್ದಕ್ಕೂ ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ. ಎಂಜಿನ್ನಿನಲ್ಲಿ ಬೆಂದ ಆ ಎಣ್ಣೆಯಲ್ಲಿ ಕ್ಯಾನ್ಸರ್ ತರಬಲ್ಲ ಪದಾರ್ಥಗಳೂ ಲೋಹದ ಅಂಶಗಳೂ ಇರುತ್ತವೆ. ಅಡುಗೆಮನೆಯ ಮಾಡಿಗೆ, ಬಾವಿಕಟ್ಟೆಯ ಹತ್ತಿರದ ಮರಕ್ಕೆ ಅದನ್ನು ಹಚ್ಚಲೇಬಾರದು. ಒಮ್ಮೆ ಹಚ್ಚಿದರೆ ಮುಂದೆ ಬಣ್ಣವಾಗಲಿ ಬೇರೆ ಮದ್ದಾಗಲಿ ಆ ಮರಕ್ಕೆ ಹಿಡಿಯುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಗೇರೆಣ್ಣೆಗೂ ಬಿಳಿಗಾರಕ್ಕೂ (ಬೋರಾಕ್ಸ್).

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಕರಾವಳಿಯ ಗೋಡಂಬಿ ಕಾರ್ಖಾನೆಗಳ ಸುತ್ತಮುತ್ತ ಸಿಗುತ್ತದೆ. ಹಸಿ ಎಣ್ಣೆಯಲ್ಲಿ ಅನಕಾರ್ಡಿಕ್ ಆಮ್ಲ ಹೆಚ್ಚು. ಚೆನ್ನಾಗಿ ಕಾಯಿಸಿದ್ದರಲ್ಲಿ ಅದು ಕಾರ್ಡನಾಲ್ ಆಗಿರುತ್ತದೆ. ಹಸಿಯದು ಚರ್ಮ ಸುಡುವುದು ಹೆಚ್ಚು, ಆದ್ದರಿಂದ ಕೊಳ್ಳುವಾಗ ಯಾವುದೆಂದು ಕೇಳಿ. ಸುಟ್ಟ ಆಯಿಲ್‌ಗಿಂತ ಇದು ಮೇಲಾಗಲು ಎರಡು ಕಾರಣ: ಹುಳುವಿಗೂ ಬೂಸ್ಟಿಗೂ ಇದು ವಿಷ, ಮತ್ತು ನಿಧಾನವಾಗಿಯಾದರೂ ಗಟ್ಟಿಯಾಗಿ ಮರಕ್ಕೆ ಅಂಟಿಕೊಳ್ಳುತ್ತದೆ.

ಬಳಿಯಲು ಫೆಬ್ರವರಿಯಿಂದ ಏಪ್ರಿಲ್ ಸರಿಯಾದ ಕಾಲ. ಮಳೆಗಾಲದ ತೇವದಲ್ಲಿ ವಾರಗಟ್ಟಲೆ ಕೈಗಂಟುತ್ತದೆ. ಮೊದಲ ಕೋಟಿಗೆ ಎರಡು ಪಾಲು ಗೇರೆಣ್ಣೆಗೆ ಒಂದು ಪಾಲು ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಬೆರೆಸಿ. ತೆಳುವಾದಷ್ಟೂ ಒಳಗಿಳಿಯುತ್ತದೆ. ಅದು ಪೂರ್ತಿ ಹೀರಿದ ಮೇಲೆ, ಏನೂ ಬೆರೆಸದ ಎಣ್ಣೆಯ ಡಬ್ಬವನ್ನು ಬಿಸಿಲಲ್ಲಿಟ್ಟು ಬೆಚ್ಚಗಾಗಿಸಿ ಎರಡನೇ ಕೋಟು ಕೊಡಿ. ಸೀಮೆಎಣ್ಣೆ ಬೆರೆಸಿದ್ದನ್ನು ಒಲೆಯ ಹತ್ತಿರವೂ ತರಬೇಡಿ. ಗರಗಸದ ಒರಟು ಮೈಗೆ ಮೊದಲ ಕೋಟಿನಲ್ಲಿ ಲೀಟರಿಗೆ ಸುಮಾರು 60ರಿಂದ 80 ಚದರಡಿ ಲೆಕ್ಕ ಇಟ್ಟುಕೊಳ್ಳಬಹುದು. ಕೊಯ್ದ ತುದಿಗಳನ್ನು ಬಳಿದರೆ ಸಾಲದು, ಎಣ್ಣೆ ತುಂಬಿದ ಅಗಲ ಡಬ್ಬದಲ್ಲಿ ರಾತ್ರಿಯಿಡೀ ನಿಲ್ಲಿಸಬೇಕು. ಮರ ನೀರು ಕುಡಿಯುವುದು ಪಕ್ಕದ ಮೈಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ತುದಿಯಿಂದ. ಪಕ್ಕಾಸು ಕುಂಬಾಗುವುದೂ ಸೂರಿನ ತುದಿಯಿಂದಲೇ.

ಕೈಗೆ ಗವಸು ಹಾಕಿ, ಅದಕ್ಕೂ ಮುಂಚೆ ಕೈಗೆ, ಮುಖಕ್ಕೆ ಕೊಬ್ಬರಿ ಎಣ್ಣೆ ಅಥವಾ ಹರಳೆಣ್ಣೆ ಸವರಿಕೊಳ್ಳಿ. ಮಾಡಿನ ಮರಕ್ಕೆ ಕೆಳಗೆ ಇರುವಾಗಲೇ ಬಳಿಯಿರಿ. ತಲೆಯ ಮೇಲೆತ್ತಿ ಬಳಿದರೆ ಕಣ್ಣಿಗೆ ಹನಿ ಬೀಳುವ ಅಪಾಯ. ಚೇರು ಮರದ ಸೊನೆ ಆಗದವರಿಗೆ ಗೇರೆಣ್ಣೆಯೂ ಆಗದು. ಎರಡೂ ಒಂದೇ ಕುಟುಂಬದ ಮರಗಳು. ಅಂಥವರು ಈ ಕೆಲಸಕ್ಕೆ ಇಳಿಯಬಾರದು.

ಗೇರೆಣ್ಣೆಯಲ್ಲಿ ಕೆಡುವುದು ಎಲ್ಲಿ? ಹಸಿ ಮರಕ್ಕೆ ಬಳಿದಾಗ. ಮಿಲ್ಲಿನಿಂದ ತಂದ ವಾರಕ್ಕೇ ಬಳಿದ ಮಾವಿನ ರೀಪು ಹೊರಗೆ ಕಪ್ಪಗೆ ಹೊಳೆಯುತ್ತಿದ್ದರೂ ಒಳಗಿನ ನೀರು ಹೊರಬರಲು ದಾರಿಯಿಲ್ಲದೆ ನಡುವಿನಿಂದ ಕುಂಬಾಗುತ್ತದೆ. ಆಗಲೇ ಒಳಸೇರಿದ ಕುಟ್ಟೆ ಹುಳುವಿಗೆ ಮೇಲಿನ ಎಣ್ಣೆ ಮುಟ್ಟುವುದೂ ಇಲ್ಲ. ಹಾಗಾಗಿ ತೇವಾಂಶ ನೋಡದೆ ಬಳಿಯಬೇಡಿ. ಮೀಟರ್ ಇಲ್ಲದಿದ್ದರೆ ಪಕ್ಕಾಸಿನ ತುದಿಯಿಂದ ಒಂದಡಿ ಒಳಗೆ ಸಣ್ಣ ಚೂರು ಕೊಯ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಅದನ್ನು 103 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 82 ಆದರೆ ಹೋದ ನೀರು 18 ಗ್ರಾಂ. ಅದನ್ನು 82ರಿಂದ ಭಾಗಿಸಿದರೆ ಸುಮಾರು ಶೇ. 22. ಅಂಥ ಮರ ಇನ್ನೂ ಒಣಗಬೇಕು.

ಬಿಳಿಗಾರದ ಗುಣ ಇದಕ್ಕೆ ಪೂರ್ತಿ ತಿರುಗಾಮುರುಗಾ. ಅದಕ್ಕೆ ಮರ ಹಸಿಯಾಗಿಯೇ ಇರಬೇಕು. ಉಪ್ಪು ಮರದೊಳಗಿನ ನೀರಿನಲ್ಲಿ ಕರಗಿ ಮೆಲ್ಲಗೆ ಒಳಕ್ಕೆ ಹರಡುತ್ತದೆ. ಬಳಿದ ಯಾವ ಎಣ್ಣೆಯೂ ಅಷ್ಟು ಆಳಕ್ಕೆ ಹೋಗುವುದನ್ನು ನಾವು ಕಂಡಿಲ್ಲ. ಅಳತೆ ಹೀಗೆ: 10 ಲೀಟರ್ ನೀರಿಗೆ 600 ಗ್ರಾಂ ಬಿಳಿಗಾರ, 400 ಗ್ರಾಂ ಬೋರಿಕ್ ಆಸಿಡ್ ಪುಡಿ. ಎರಡನ್ನೂ ಸೇರಿಸಿದರೆ ಒಂಟಿಯಾಗಿ ಕರಗುವುದಕ್ಕಿಂತ ಹೆಚ್ಚು ಕರಗುತ್ತದೆ. ನೀರು ಬಿಸಿ ಮಾಡಿ, ಮೊದಲು ಬಿಳಿಗಾರ ಹಾಕಿ ಕಲಕಿ, ಆಮೇಲೆ ಬೋರಿಕ್ ಪುಡಿ. ನೀರು ತಿಳಿಯಾದರೆ ಸಿದ್ಧ. ಎರಡಿಂಚು ದಪ್ಪದ ಮರಕ್ಕೆ ಪುಡಿಗಳನ್ನು ದುಪ್ಪಟ್ಟು ಮಾಡಿ, ಆದರೆ ದ್ರಾವಣ ಬಿಸಿ ಇರುವಾಗಲೇ ಅದ್ದಬೇಕು. ತಣ್ಣಗಾದರೆ ಹರಳುಗಟ್ಟಿ ತಳದಲ್ಲಿ ಕೂರುತ್ತದೆ. ಉದ್ದ ಪಕ್ಕಾಸು ಅದ್ದಲು ತೊಟ್ಟಿ ಬೇಕಿಲ್ಲ. ಕೆಂಪು ಕಲ್ಲನ್ನು ಎರಡು ಸಾಲು ಜೋಡಿಸಿ ನಡುವೆ ಟಾರ್ಪಾಲಿನ್ ಹಾಸಿದರೆ ದೋಣಿಯಂಥ ಜಾಗ ಆಗುತ್ತದೆ.

ಕೊಯ್ದ ಒಂದೆರಡು ದಿನದೊಳಗೆ, ತೊಗಟೆ ಪೂರ್ತಿ ತೆಗೆದ ಮರವನ್ನು ಹತ್ತು ಹದಿನೈದು ನಿಮಿಷ ಮುಳುಗಿಸಿ. ಆಮೇಲಿನ ಹಂತದಲ್ಲೇ ಹೆಚ್ಚಿನವರು ಎಡವುವುದು. ಅದ್ದಿದ ಮರವನ್ನು ಒಣಗಲು ಬಿಡಬಾರದು. ಸಂದಿಲ್ಲದಂತೆ ಒತ್ತೊತ್ತಾಗಿ ಪೇರಿಸಿ, ಟಾರ್ಪಾಲಿನ್‌ನಿಂದ ಗಾಳಿಯಾಡದಂತೆ ಸುತ್ತಿ, ಒಂದಿಂಚು ದಪ್ಪಕ್ಕೆ ಸುಮಾರು ನಾಲ್ಕು ವಾರ ನೆರಳಲ್ಲಿಡಿ. ದಪ್ಪ ಹೆಚ್ಚಾದರೆ ಕಾಲವೂ ಹೆಚ್ಚು. ಗಾಳಿ ಹೊಕ್ಕರೆ ಮೇಲ್ಮೈ ಒಣಗಿ ಹರಡುವುದು ನಿಲ್ಲುತ್ತದೆ, ಮೈಮೇಲೆ ಬಿಳಿ ಉಪ್ಪು ಕಾಣಿಸುತ್ತದೆ. ಅವಧಿ ಮುಗಿದ ಮೇಲೆ ನಡುವೆ ಪಟ್ಟಿ ಇಟ್ಟು ಗಾಳಿಯಾಡುವಂತೆ ಮತ್ತೆ ಪೇರಿಸಿ ಒಣಗಿಸಬೇಕು.

ಒಳಗೆ ಇಳಿದಿದೆಯೇ ಎಂದು ತಿಳಿಯಲು ಅರಿಶಿನ ಸಾಕು. ಅರಿಶಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ, ಮೇಲೆ ನಿಂತ ಹಳದಿ ತಿಳಿಯನ್ನು ನಡುವೆ ಕೊಯ್ದ ಮರದ ಮೈಗೆ ಹಚ್ಚಿ ಆರಲು ಬಿಡಿ. ಟೈಲ್ಸ್ ತೊಳೆಯುವ ಬಣ್ಣವಿಲ್ಲದ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ನಾಲ್ಕು ಪಾಲು ನೀರಿಗೆ ಸುರಿದು ತೆಳುಮಾಡಿ ಅದರ ಮೇಲೆ ಸವರಿ. ನೀರನ್ನು ಆಸಿಡ್‌ಗೆ ಸುರಿಯಬಾರದು, ಆಸಿಡ್ಡನ್ನು ನೀರಿಗೆ ಸುರಿಯಬೇಕು. ಬೋರಾನ್ (ಬಿಳಿಗಾರ, ಬೋರಿಕ್ ಪುಡಿ ಎರಡರಲ್ಲೂ ಇರುವ ಮೂಲವಸ್ತು) ಇರುವಲ್ಲಿ ಆರುತ್ತಾ ಬಂದಂತೆ ಕೆಂಪಾಗುತ್ತದೆ, ಇಲ್ಲದಲ್ಲಿ ಹಳದಿಯೇ ಉಳಿಯುತ್ತದೆ. ಅರಿಶಿನಕ್ಕೆ ಬಿಳಿಗಾರ, ನಿಂಬೆರಸ ಸೇರಿಸಿ ಕುಂಕುಮ ಮಾಡುವ ಮನೆಗಳಿಗೆ ಈ ಕೆಂಪು ಹೊಸದಲ್ಲ. ಸುಣ್ಣ ತಾಗಿದರೂ ಅರಿಶಿನ ಕೆಂಪಾಗುವುದರಿಂದ ಆಸಿಡ್ ಬಿಟ್ಟರೆ ಮೋಸ ಹೋಗುತ್ತೀರಿ. ಸುಣ್ಣದ ಕೆಂಪು ಆಸಿಡ್‌ಗೆ ಅಳಿಯುತ್ತದೆ, ಬೋರಾನಿನದು ಅಳಿಯುವುದಿಲ್ಲ.

ರಬ್ಬರ್, ಮಾವಿನಂಥ ಮರಕ್ಕೆ ಕುಟ್ಟೆ ತಡೆಯುವುದರಲ್ಲಿ ಬಿಳಿಗಾರವನ್ನು ಮೀರಿಸಿದ್ದು ನಮಗೆ ಕಂಡಿಲ್ಲ. ವಾಸನೆಯಿಲ್ಲ, ಬಣ್ಣ ಬದಲಾಗದು, ಒಣಗಿದ ಮೇಲೆ ಪಾಲಿಶ್ ಹಿಡಿಯುತ್ತದೆ. ಅದರ ದೊಡ್ಡ ಕೊರತೆ ಮಳೆ. ನೀರಿನಲ್ಲಿ ಒಳಹೊಕ್ಕದ್ದು ನೀರಿನಲ್ಲೇ ಹೊರಗೆ ಹೋಗುತ್ತದೆ. ಸೂರಿನ ಅಂಚಿನ ತುಂಡುಗಳಲ್ಲಿ ಮಳೆಗಾಲದ ನಂತರ ಅರಿಶಿನ ಹಚ್ಚಿ ನೋಡಿದರೆ ಹೊರಪದರ ಹಳದಿಯಾಗಿಯೇ ಉಳಿದಿತ್ತು, ಅಂದರೆ ಮದ್ದು ತೊಳೆದುಹೋಗಿತ್ತು. ಒಣ ಮರಕ್ಕೆ ಬಳಿದರೆ ಮೈಮೇಲಷ್ಟೇ ನಿಲ್ಲುತ್ತದೆ. ಉಳಿದ ದ್ರಾವಣವನ್ನು ಅಡಿಕೆ, ಬಾಳೆಯ ಬುಡಕ್ಕೆ ಚೆಲ್ಲಬೇಡಿ. ಗಿಡಕ್ಕೆ ಬೋರಾನ್ ಚೂರೇ ಚೂರು ಸಾಕು, ಹೆಚ್ಚಾದರೆ ವಿಷ. ದನ ಮೂಸುವಲ್ಲಿಯೂ ಇಡಬೇಡಿ.

ಹಾಗಾಗಿ ಮಾಡಿಗೆ ನಮ್ಮ ಆಯ್ಕೆ ಎರಡೂ, ಆದರೆ ಈ ಕ್ರಮದಲ್ಲಿ: ಹಸಿಯಿದ್ದಾಗ ಬಿಳಿಗಾರ, ಶೇ. 20ರ ಕೆಳಗೆ ಒಣಗಿದ ಮೇಲೆ ಸೂರಿನಿಂದ ಹೊರಚಾಚುವ ಭಾಗಕ್ಕೂ ತುದಿಗಳಿಗೂ ಗೇರೆಣ್ಣೆ. ಮನೆಯೊಳಗಿನ ಜಂತಿ, ದಾರಂದ, ಕಪಾಟಿಗೆ ಗೇರೆಣ್ಣೆ ಬೇಡ. ಬೇಸಿಗೆಯಲ್ಲಿ ಗೋಡೆಗೆ ಕಪ್ಪು ಹನಿ ಇಳಿಯುತ್ತದೆ. ಅಲ್ಲಿ ಬಿಳಿಗಾರದ ಮೇಲೆ ವಾರ್ನಿಶ್ ಸಾಕು. ವಾರ್ನಿಶ್ ಒಂದನ್ನೇ ನಂಬುವುದು ತಪ್ಪು. ಅದು ತೇವ ಏರಿಳಿಯುವುದನ್ನು ನಿಧಾನ ಮಾಡುತ್ತದೆಯೇ ಹೊರತು ಹುಳುವನ್ನೂ ಬೂಸ್ಟನ್ನೂ ಕೊಲ್ಲುವುದಿಲ್ಲ. ಅಗಸೆ ಎಣ್ಣೆಯನ್ನು ನಮ್ಮ ಹವೆಯಲ್ಲಿ ಹೊರಗಿನ ಮರಕ್ಕೆ ಹಚ್ಚಿದರೆ ಮಳೆಗಾಲದಲ್ಲಿ ಅದರ ಮೇಲೇ ಕಪ್ಪು ಬೂಸ್ಟು ಬೆಳೆಯುತ್ತದೆ. ಒಳಗಿನ ಪೀಠೋಪಕರಣಕ್ಕೆ ಬಳಸುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ.

ನೆಲದೊಳಗೆ ಹೂಳುವ ಗೂಟದ ಕಥೆಯೇ ಬೇರೆ. ಅಲ್ಲಿ ಬಿಳಿಗಾರ ಉಳಿಯದು, ಗೇರೆಣ್ಣೆಯ ತೆಳು ಪದರ ಒಂದು ಬಿರುಕಿಗೆ ಸೋಲುತ್ತದೆ. ಬುಡಕ್ಕೆ ಡಾಂಬರು ಬಳಿದ ಗೂಟ ಮುರಿಯುವುದು ಡಾಂಬರು ಮುಗಿಯುವ ಜಾಗದಲ್ಲಿ, ನೆಲದ ಮಟ್ಟದಲ್ಲಿ. ತೇವವೂ ಗಾಳಿಯೂ ಒಟ್ಟಿಗೆ ಸಿಗುವುದು ಅಲ್ಲಿಯೇ. ಬುಡ ಸುಟ್ಟು ಹೂಳುವುದರಿಂದಲೂ ಹೇಳುವಂಥ ಲಾಭ ಕಾಣಲಿಲ್ಲ.

ತೋಟದವರ ಮನೆಯಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತು (ತಾಮ್ರದ ಸಲ್ಫೇಟ್) ಇದ್ದೇ ಇರುತ್ತದೆ. ಆಗಷ್ಟೇ ಕಡಿದ, ತೊಗಟೆ ತೆಗೆಯದ ಗೂಟವನ್ನು 10 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಕರಗಿಸಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬುಡ ಕೆಳಗಾಗಿ ನಿಲ್ಲಿಸಿದರೆ ಬಿಳಿ ಭಾಗದೊಳಗೆ ನೀಲಿ ಏರುವುದು ಕಾಣುತ್ತದೆ. ಕೆಲವು ದಿನದ ನಂತರ ತಲೆಕೆಳಗು ಮಾಡಿ. ಏನೂ ಮಾಡದ ಗೂಟಕ್ಕಿಂತ ಖಂಡಿತ ಮೇಲು, ಆದರೆ ತಾಮ್ರ ಮರದಲ್ಲಿ ಗಟ್ಟಿಯಾಗಿ ನೆಲೆನಿಲ್ಲದೆ ನಿಧಾನವಾಗಿ ತೊಳೆದುಹೋಗುತ್ತದೆ, ಕಬ್ಬಿಣದ ಮೊಳೆಯನ್ನೂ ತಿನ್ನುತ್ತದೆ.

ಈ ಕೊರತೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿದ ಮದ್ದನ್ನು ರೂಪಿಸಿದರು. ಕ್ರೋಮಿಯಂ ಉಳಿದೆರಡನ್ನು ಮರಕ್ಕೆ ಕಚ್ಚಿಸುತ್ತದೆ. ಇದನ್ನು ಒತ್ತಡದ ಸಿಲಿಂಡರಿನಲ್ಲೇ ಮಾಡಿಸಬೇಕು, ಮನೆಯಲ್ಲಿ ಕಲಸುವ ವಸ್ತುವಲ್ಲ. ಹೂತ ತುಂಡುಗಳಲ್ಲಿ ಹುತ್ತದ ಪಕ್ಕದಲ್ಲೂ ಅಲುಗದೆ ಉಳಿದದ್ದು ಇದೊಂದೇ. ಕೊಳ್ಳುವಾಗ ದುಂಡನೆಯ ಗಾಳಿಮರ ಅಥವಾ ನೀಲಗಿರಿ ಗೂಟವನ್ನೇ ತೆಗೆದುಕೊಳ್ಳಿ. ಮದ್ದು ಕುಡಿಯುವುದು ಬಿಳಿ ಭಾಗ, ಚೇಗು ಕುಡಿಯುವುದಿಲ್ಲ. ಒಂದು ಗೂಟವನ್ನು ಅಡ್ಡ ಕೊಯ್ಸಿ ಹಸಿರು ಉಂಗುರ ಎಷ್ಟು ಆಳವಿದೆ ನೋಡಿ. ತಂದ ಮೇಲೆ ಬುಡ ಕೊಯ್ಯಬೇಡಿ, ಉದ್ದ ಹೆಚ್ಚಾದರೆ ತಲೆ ಕಡೆ ಕೊಯ್ದು ಅಲ್ಲಿಗೆ ಗೇರೆಣ್ಣೆ ಹಚ್ಚಿ, ನೀರು ಜಾರುವಂತೆ ಓರೆ ಮಾಡಿ. ಗುಂಡಿಗೆ ಕಾಂಕ್ರೀಟಿನ ಬಟ್ಟಲು ಕಟ್ಟುವುದಕ್ಕಿಂತ ಜಲ್ಲಿ ತುಂಬಿಸುವುದು ಒಳ್ಳೆಯದು, ನೀರು ಇಳಿದುಹೋಗುತ್ತದೆ.

ಆರ್ಸೆನಿಕ್ ಇರುವುದರಿಂದ ಅಮೆರಿಕದಲ್ಲಿ 2003ರ ಕೊನೆಯಿಂದ ಇದನ್ನು ಮನೆಬಳಕೆಯ ಮರಕ್ಕೆ ನಿಲ್ಲಿಸಿದ್ದಾರೆ. ಮಕ್ಕಳು ಆಡುವ ಜಾಗಕ್ಕೆ, ಗೊಂತಿಗೆ, ತರಕಾರಿ ಪಾತಿಯ ಅಂಚಿಗೆ ನಾವೂ ಬಳಸುವುದಿಲ್ಲ. ಕೊಯ್ದ ಚೂರುಗಳನ್ನು, ಹಳೆಯ ಗೂಟಗಳನ್ನು ಬಚ್ಚಲೊಲೆಗೆ ಹಾಕಲೇಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ, ಆ ಬೂದಿ ಪಾತ್ರೆ ತಿಕ್ಕಲೂ ಗಿಡಕ್ಕೆ ಹಾಕಲೂ ಬಾರದು.