ನಿಂತ ಕಾರಿನ ಬ್ಯಾಟರಿಗೆ ಮೇಂಟೇನರ್ ಚಾರ್ಜರ್: ಐದು ತಿಂಗಳು ಬಳಸಿ ನೋಡಿದ ಮೇಲೆ

ಏಳು ವಾರಗಳ ಕಾಲ ಮುಟ್ಟದೆ ನಿಲ್ಲಿಸಿದ್ದ ಕಾರಿನ ಬಳಿ ಹೋಗಿ ರಿಮೋಟ್ ಒತ್ತಿದಾಗ ಅದು ಸದ್ದೇ ಮಾಡಲಿಲ್ಲ. ಕೀಲಿಯಿಂದ ಬಾಗಿಲು ತೆಗೆದು, ಒಳಗೆ ಕೂತು ಇಗ್ನಿಷನ್ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಒಂದು ಕ್ಷಣ ಮಂಕಾಗಿ ಮಿನುಗಿ ಆರಿದವು. ಸೆಲ್ಫ್ ತೆಗೆದುಕೊಳ್ಳುವ ಮಾತಿರಲಿ, ಬ್ಯಾಟರಿ ಸೋತಾಗ ಕೇಳಿಬರುವ ಟಕ್‌ಟಕ್ ಸದ್ದೂ ಬರಲಿಲ್ಲ. ಬಾನೆಟ್ ಎತ್ತಿ ಮಲ್ಟಿಮೀಟರ್ ಹಿಡಿದಾಗ ಕಂಡದ್ದು 10.6 ವೋಲ್ಟ್; ತುಂಬಿದ್ದರೆ 12.7ರ ಸುಮಾರು ಇರಬೇಕಿತ್ತು. ಆ ಬ್ಯಾಟರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಬಿಚ್ಚಿಕೊಂಡು ಹೋಗಿ ಚಾರ್ಜ್ ಮಾಡಿಸಿ ತಂದ ಮೇಲೆ ಗಾಡಿಯೇನೋ ಓಡಿತು. ಆದರೆ ಸಂಜೆ ತುಂಬಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ 12.3ಕ್ಕೆ ಇಳಿದಿರುತ್ತಿತ್ತು. ಮೂರು ತಿಂಗಳು ಹಾಗೂ ಹೀಗೂ ತಳ್ಳಿ, ಕೊನೆಗೆ ಅದನ್ನು ಬದಲಿಸಲೇಬೇಕಾಯಿತು. ಹೊಸ ಬ್ಯಾಟರಿ ಹಾಕಿಸಿದ ವಾರದಲ್ಲೇ ಒಂದು ಮೇಂಟೇನರ್ ಚಾರ್ಜರ್ ಕೊಂಡೆ. ಈ ವಿಮರ್ಶೆ ಆ ಸಾಧನದ ಕುರಿತಾದದ್ದು.

ಮೇಂಟೇನರ್ ಎನ್ನುವುದು ಅಂಗೈಯಗಲದ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಚಾರ್ಜರ್. ನನ್ನದು ಹೆಚ್ಚೆಂದರೆ 1 ಆಂಪಿಯರ್ ಕೊಡುತ್ತದೆ. ಖಾಲಿಯಾದದ್ದನ್ನು ಬೇಗ ತುಂಬುವುದಕ್ಕಿಂತ, ತುಂಬಿದ್ದನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ತುಂಬಿದಂತೆಯೇ ಉಳಿಸುವುದು ಅದರ ಕೆಲಸ. ಹೆಚ್ಚುಕಡಿಮೆ ಒಂದೇ ಬಗೆಯ ಸಾಧನಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವುದರಿಂದ ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಯಾವ ಗುಣ ಇರಬೇಕು, ಯಾವ ದೋಷ ಇರಬಾರದು ಎಂಬುದನ್ನು ಬರೆಯುತ್ತೇನೆ.

ಅದಕ್ಕೂ ಮೊದಲು, ಓಡದ ಕಾರಿನ ಬ್ಯಾಟರಿ ಏಕೆ ಇಳಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಲೆಕ್ಕ ಗೊತ್ತಿಲ್ಲದೆ ಸಾಧನ ಬೇಕೋ ಬೇಡವೋ ಎಂದು ತೀರ್ಮಾನಿಸಲಾಗದು. ಕೀಲಿ ತೆಗೆದು ಬಾಗಿಲು ಹಾಕಿದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಅಲಾರಂ, ರಿಮೋಟಿನ ಸಂಕೇತಕ್ಕೆ ಕಾಯುವ ರಿಸೀವರ್, ಗಡಿಯಾರ, ಕಂಪ್ಯೂಟರ್ ಘಟಕಗಳ ನೆನಪು ಇವೆಲ್ಲ ಸದಾ ಒಂದಿಷ್ಟು ಕರೆಂಟ್ ಎಳೆಯುತ್ತಲೇ ಇರುತ್ತವೆ. ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್‌ವರೆಗಿನ ಎಳೆತವನ್ನು ಸಹಜವೆಂದೇ ಪರಿಗಣಿಸುತ್ತಾರೆ. ನನ್ನ ಕಾರಿನಲ್ಲಿ ನೆಗೆಟಿವ್ ಕೇಬಲ್ ಮತ್ತು ಟರ್ಮಿನಲ್ ನಡುವೆ ಮೀಟರ್ ಸೇರಿಸಿ, ಎಲ್ಲ ಘಟಕಗಳೂ ಮಲಗಲೆಂದು ಮುಕ್ಕಾಲು ಗಂಟೆ ಬಾಗಿಲು ಮುಟ್ಟದೆ ಕಾದು ನೋಡಿದಾಗ 38 ಮಿಲಿ ಆಂಪಿಯರ್ ಕಂಡಿತು. ಎಲ್‌ಇಡಿ ದೀಪವೊಂದಕ್ಕೂ ಸಾಲದಷ್ಟು ಕಡಿಮೆ ಎನಿಸಬಹುದು. ಆದರೆ ದಿನದ 24 ಗಂಟೆಗೆ ಅದು 0.91 ಆಂಪಿಯರ್ ಅವರ್ (ಕರೆಂಟನ್ನು ಗಂಟೆಗಳಿಂದ ಗುಣಿಸಿದ ಲೆಕ್ಕ). ಏಳು ವಾರಗಳ 49 ದಿನಕ್ಕೆ ಸುಮಾರು 44.7. ನನ್ನ ಬ್ಯಾಟರಿಯ ಮೇಲೆ ಬರೆದಿದ್ದ ಸಾಮರ್ಥ್ಯ 45. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಗೆ ಇದಕ್ಕಿಂತ ನೇರವಾದ ಲೆಕ್ಕವನ್ನು ನಾನು ಕಂಡಿಲ್ಲ. ವಾಸ್ತವದಲ್ಲಿ ಪೂರ್ತಿ ಖಾಲಿಯಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಅರ್ಧ ಇಳಿದರೆ ಸಾಕು, ವಯಸ್ಸಾದ ಬ್ಯಾಟರಿ ಚಳಿಯ ಬೆಳಗಿನಲ್ಲಿ ಕೈಕೊಡುತ್ತದೆ.

ಇದರ ಜೊತೆಗೆ ಏನೂ ಜೋಡಿಸದೆ ಇಟ್ಟರೂ ಬ್ಯಾಟರಿ ತಾನಾಗಿಯೇ ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಾದಷ್ಟೂ ಈ ಸೋರಿಕೆ ಹೆಚ್ಚು. ಆದರೆ ನಿಜವಾದ ಹಾನಿ ಇರುವುದು ಬ್ಯಾಟರಿ ಖಾಲಿಯಾಗುವುದರಲ್ಲಿ ಮಾತ್ರವಲ್ಲ, ಖಾಲಿಯಾದ ಸ್ಥಿತಿಯಲ್ಲೇ ದಿನಗಟ್ಟಲೆ ಉಳಿಯುವುದರಲ್ಲಿ. ವಿದ್ಯುತ್ ಹೊರಹೋಗುವಾಗ ಸೀಸದ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕಟ್ಟಿಕೊಳ್ಳುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗಿ ಮತ್ತೆ ಆಮ್ಲಕ್ಕೆ ಸೇರುತ್ತದೆ; ವಾರಗಟ್ಟಲೆ ಹಾಗೇ ಬಿಟ್ಟರೆ ಸಣ್ಣ ಹರಳುಗಳು ದೊಡ್ಡವಾಗಿ, ಗಟ್ಟಿಯಾಗಿ, ಚಾರ್ಜರಿಗೆ ಬಗ್ಗದಂತಾಗುತ್ತವೆ. ಅಷ್ಟು ಭಾಗದ ಫಲಕ ಬ್ಯಾಟರಿಯ ಪಾಲಿಗೆ ಇದ್ದೂ ಇಲ್ಲದಂತೆ. ನನ್ನ ಹಳೆಯ ಬ್ಯಾಟರಿ ರಾತ್ರಿ ಕಳೆಯುವುದರೊಳಗೆ ಇಳಿಯುತ್ತಿದ್ದುದಕ್ಕೆ ಇದೇ ಕಾರಣವೆಂದು ನಂಬಿದ್ದೇನೆ. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ ಮತ್ತು ಆಮ್ಲದ ಬ್ಯಾಟರಿಗೆ ಅಂದಿನಿಂದ ಇಂದಿನವರೆಗೂ ಈ ಸ್ವಭಾವ ತಪ್ಪಿಲ್ಲ.

ಈಗ ಸಾಧನದ ಕೆಲಸಕ್ಕೆ ಬರುತ್ತೇನೆ. ಹೊಸ ಬ್ಯಾಟರಿಗೆ ಮೊದಲ ಸಲ ಜೋಡಿಸಿದಾಗ ಅದರಲ್ಲಿ 12.5 ವೋಲ್ಟ್ ಇತ್ತು. ಕೆಂಪು ದೀಪ ಹೊತ್ತಿಕೊಂಡು ವೋಲ್ಟೇಜ್ ನಿಧಾನವಾಗಿ ಏರಿ 14.4ಕ್ಕೆ ಮುಟ್ಟಿತು, ಅಲ್ಲಿ ಕೆಲವು ಗಂಟೆ ನಿಂತಿತು, ಮರುದಿನ ಬೆಳಗ್ಗೆ ನೋಡುವಾಗ ದೀಪ ಹಸಿರಾಗಿ ಮೀಟರ್ 13.5 ತೋರಿಸುತ್ತಿತ್ತು. ಹೀಗೆ ತಾನಾಗಿಯೇ ಕೆಳಗಿಳಿದು ನಿಲ್ಲುವುದೇ ಮೇಂಟೇನರಿಗೂ ಹಳೆಯ ಕಾಲದ ಚಾರ್ಜರಿಗೂ ಇರುವ ವ್ಯತ್ಯಾಸ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಚಾರ್ಜರ್ ಬ್ಯಾಟರಿ ತುಂಬಿತೋ ಇಲ್ಲವೋ ನೋಡದೆ ಕರೆಂಟ್ ತಳ್ಳುತ್ತಲೇ ಇರುತ್ತದೆ. ಆಗ ಒಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಹೊರಹೋಗುತ್ತದೆ, ಫಲಕಗಳು ಒಣಗುತ್ತವೆ, ಆ ಅನಿಲಕ್ಕೆ ಒಂದು ಕಿಡಿ ತಗುಲಿದರೂ ಅಪಾಯ. ಅಂಥದ್ದನ್ನು ರಾತ್ರಿಯಿಡೀ ಹಾಕಿ ಮಲಗುವ ಧೈರ್ಯವನ್ನು ಯಾರೂ ಮಾಡಬಾರದು. 13.5ರ ಸುತ್ತಮುತ್ತ ಹಿಡಿದು ನಿಲ್ಲಿಸುವ ಮೇಂಟೇನರನ್ನು ತಿಂಗಳುಗಟ್ಟಲೆ ಬಿಡಬಹುದು, ನಾನು ಬಿಟ್ಟಿದ್ದೇನೆ. ಐದು ವಾರ ನಿಂತ ಕಾರಿನಿಂದ ಅದನ್ನು ಕಳಚಿ, ಒಂದು ರಾತ್ರಿ ಕಳೆದು ಅಳೆದಾಗ 12.7 ವೋಲ್ಟ್ ಇತ್ತು, ಅಂದರೆ ಪೂರ್ತಿ ತುಂಬಿದ ಲೆಕ್ಕ. ಎಂಜಿನ್ ಮೊದಲ ಸುತ್ತಿಗೇ ಹೊತ್ತಿಕೊಂಡಿತು. ಮುಖ್ಯ ಕೆಲಸದ ಬಗ್ಗೆ ನನಗೆ ಯಾವ ದೂರೂ ಇಲ್ಲ.

ದೂರು ಇರುವುದು ಬೇರೆಡೆ, ಮತ್ತು ಅದು ಸಣ್ಣದಲ್ಲ. ಮೂರನೇ ತಿಂಗಳಲ್ಲಿ ಒಮ್ಮೆ ಬಾನೆಟ್ ಎತ್ತಿದಾಗ ಹಸಿರು ದೀಪ ಇರಬೇಕಾದಲ್ಲಿ ಯಾವ ದೀಪವೂ ಇರಲಿಲ್ಲ. ಪ್ಲಗ್ ಸರಿಯಾಗಿತ್ತು, ಸ್ವಿಚ್ ಹಾಕಿಯೇ ಇತ್ತು, ಕ್ಲಿಪ್ಪುಗಳು ಜಾಗದಲ್ಲೇ ಇದ್ದವು. ಆದರೆ ಬ್ಯಾಟರಿ 12.46 ವೋಲ್ಟಿಗೆ ಇಳಿದಿತ್ತು. ಹತ್ತು ದಿನಗಳ ಹಿಂದೆ ಒಂದರ್ಧ ಗಂಟೆ ವಿದ್ಯುತ್ ಹೋಗಿ ಬಂದಿತ್ತು. ಬಂದ ಮೇಲೆ ಈ ಚಾರ್ಜರ್ ತಾನಾಗಿ ಮತ್ತೆ ಶುರುವಾಗಿರಲಿಲ್ಲ. ಅದರ ಮೇಲಿರುವ ಮೋಡ್ ಬಟನ್ನನ್ನು ಯಾರಾದರೂ ಒತ್ತಲಿ ಎಂದು ಕಾಯುತ್ತಾ ಕೂತಿತ್ತು. ಯಾರೂ ನೋಡಿಕೊಳ್ಳದಿರುವಾಗ ನೋಡಿಕೊಳ್ಳಲೆಂದೇ ಮಾಡಿದ ಸಾಧನವೊಂದು ಅರ್ಧ ಗಂಟೆಯ ವಿದ್ಯುತ್ ಕಡಿತಕ್ಕೆ ತನ್ನ ಕೆಲಸವನ್ನೇ ಮರೆಯುವುದು ಕ್ಷಮಿಸಬಹುದಾದ ತಪ್ಪಲ್ಲ. ನಾನು ಊರಿನಲ್ಲಿಲ್ಲದ ಹೊತ್ತಿನಲ್ಲಿ ಹೀಗಾಗಿದ್ದರೆ ಎರಡನೆಯ ಬ್ಯಾಟರಿಯೂ ಮೊದಲನೆಯದರ ದಾರಿಯನ್ನೇ ಹಿಡಿಯುತ್ತಿತ್ತು. ಎಲ್ಲ ಮಾದರಿಗಳೂ ಹೀಗಲ್ಲ. ಕೊನೆಯ ಮೋಡನ್ನು ನೆನಪಿಟ್ಟುಕೊಂಡು ಮುಂದುವರಿಯುವವೂ ಇವೆ, ಬಟನ್ನೇ ಇಲ್ಲದವೂ ಇವೆ. ಆದ್ದರಿಂದ ಕೊಳ್ಳುವವರು ಮೊದಲ ದಿನವೇ ಮಾಡಬೇಕಾದ ಪರೀಕ್ಷೆ ಇದು: ಚಾರ್ಜ್ ಆಗುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ, ಐದು ನಿಮಿಷ ಬಿಟ್ಟು ಮತ್ತೆ ಹಾಕಿ, ಯಾವುದನ್ನೂ ಒತ್ತದೆ ಅದು ಕೆಲಸಕ್ಕೆ ಮರಳುತ್ತದೆಯೇ ನೋಡಿ. ಮರಳದಿದ್ದರೆ ಹಿಂದಿರುಗಿಸಿ. ನನಗೆ ಈ ಬುದ್ಧಿ ಬರುವಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿತ್ತು.

ಎರಡನೆಯ ಮಿತಿಯನ್ನು ದೋಷ ಎನ್ನಲಾರೆ, ಆದರೆ ಪೆಟ್ಟಿಗೆಯ ಮೇಲಿನ ಮಾತು ಓದಿದವರಿಗೆ ನಿರಾಸೆಯಾದೀತು. ನೆರೆಮನೆಯವರ ಕಾರಿನ ಬ್ಯಾಟರಿ 4 ವೋಲ್ಟಿಗೆ ಇಳಿದಿತ್ತು. ಇದನ್ನು ಜೋಡಿಸಿದರೆ ಕೆಂಪು ದೀಪ ಮಿಟುಕಿಸಿತೇ ಹೊರತು ಚಾರ್ಜ್ ಮಾಡಲಿಲ್ಲ. ಒಂದು ಮಟ್ಟಕ್ಕಿಂತ ಕಡಿಮೆ ವೋಲ್ಟೇಜ್ ಕಂಡರೆ ಇಂಥ ಚಾರ್ಜರುಗಳು ಎದುರಿಗೆ ಬ್ಯಾಟರಿಯೇ ಇಲ್ಲವೆಂದೋ, ಒಳಗೆ ಶಾರ್ಟ್ ಆಗಿದೆಯೆಂದೋ ತಿಳಿದು ದೂರ ನಿಲ್ಲುತ್ತವೆ; ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಒಪ್ಪಿಕೊಂಡಿದ್ದರೂ 1 ಆಂಪಿಯರಿನಲ್ಲಿ 45 ಆಂಪಿಯರ್ ಅವರ್‌ನ ಖಾಲಿ ಬ್ಯಾಟರಿ ತುಂಬಲು ಎರಡು ದಿನಕ್ಕೂ ಹೆಚ್ಚು ಬೇಕು. ಸತ್ತ ಬ್ಯಾಟರಿಯನ್ನು ಎಬ್ಬಿಸುವ ಆಸೆಯಿಂದ ಇದನ್ನು ಕೊಳ್ಳಬೇಡಿ. ಕೆಲವು ಮಾದರಿಗಳಲ್ಲಿ ರಿಪೇರಿ ಮೋಡ್ ಎಂದಿರುತ್ತದೆ. ಅದು ವೋಲ್ಟೇಜನ್ನು 15 ದಾಟಿಸುವ ಸಾಧ್ಯತೆ ಇರುವುದರಿಂದ ಬ್ಯಾಟರಿ ಕಾರಿಗೆ ಜೋಡಿಸಿರುವಾಗ ಅದನ್ನು ಮುಟ್ಟದಿರುವುದು ಒಳ್ಳೆಯದು. ಹಾಗೆಯೇ ಲಿಥಿಯಂ ಬ್ಯಾಟರಿಯ ಮೋಡನ್ನು ಸೀಸದ ಬ್ಯಾಟರಿಗೆ ಬಳಸಬಾರದು.

ಕ್ಲಿಪ್ಪುಗಳ ಸ್ಪ್ರಿಂಗ್ ಸಡಿಲ, ಕೇಬಲ್ ಗಿಡ್ಡ. ಕ್ಲಿಪ್ಪಿನ ಬದಲು ಪೆಟ್ಟಿಗೆಯಲ್ಲೇ ಕೊಟ್ಟಿರುವ, ಫ್ಯೂಸ್ ಇರುವ ರಿಂಗ್ ಟರ್ಮಿನಲ್ ತಂತಿಯನ್ನು ಬ್ಯಾಟರಿಗೆ ಕಾಯಂ ಆಗಿ ಬಿಗಿದು ಅದರ ತುದಿಯನ್ನು ಗ್ರಿಲ್ಲಿನ ಹಿಂದೆ ತಂದಿಟ್ಟುಕೊಂಡರೆ ಪ್ರತಿ ಸಲ ಬಾನೆಟ್ ಎತ್ತಬೇಕಿಲ್ಲ. ನಾನು ಈಗ ಹಾಗೆಯೇ ಮಾಡಿದ್ದೇನೆ. ಕ್ಲಿಪ್ಪನ್ನೇ ಬಳಸುವವರು ಗೋಡೆಯ ಸ್ವಿಚ್ ಹಾಕುವ ಮೊದಲು ಪಾಸಿಟಿವ್ ಕ್ಲಿಪ್ಪನ್ನು ಟರ್ಮಿನಲ್ಲಿಗೂ, ಆಮೇಲೆ ನೆಗೆಟಿವ್ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರವಿರುವ, ಬಣ್ಣವಿಲ್ಲದ ಲೋಹದ ಭಾಗಕ್ಕೂ ಹಾಕಬೇಕು, ತೆಗೆಯುವಾಗ ಮೊದಲು ಸ್ವಿಚ್ ಆರಿಸಿ ಇದೇ ಕ್ರಮವನ್ನು ತಿರುಗಿಸಬೇಕು. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಲ್ಲುವ ಕಾರುಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆಯೇ ಬ್ಯಾಟರಿಯ ಲೆಕ್ಕ ಇಡುವ ಸೆನ್ಸರ್ ಇರುವುದು ಸಾಮಾನ್ಯ. ನೇರ ಟರ್ಮಿನಲ್ಲಿಗೆ ಕೊಟ್ಟ ಚಾರ್ಜ್ ಅದರ ಲೆಕ್ಕಕ್ಕೆ ಸಿಗುವುದಿಲ್ಲ, ಬಾಡಿಯ ಮೂಲಕ ಕೊಟ್ಟದ್ದು ಸಿಗುತ್ತದೆ. ಹೀಗಾಗಿ ಅಂಥ ಕಾರಿನಲ್ಲಿ ರಿಂಗ್ ಟರ್ಮಿನಲ್ಲಿನ ನೆಗೆಟಿವ್ ತಂತಿಯನ್ನೂ ಬಾಡಿಗೇ ಬಿಗಿಯಬೇಕು.

ಇದಿಲ್ಲದೆಯೂ ನಡೆಯುವುದಿಲ್ಲವೇ ಎಂದು ಕೇಳುವವರಿಗೆ, ಹಲವರಿಗೆ ನಡೆಯುತ್ತದೆ ಎಂದೇ ಹೇಳುತ್ತೇನೆ. ಒಂದೆರಡು ತಿಂಗಳು ಕಾರನ್ನು ಬಿಟ್ಟು ಹೋಗುವವರು ನೆಗೆಟಿವ್ ಕೇಬಲನ್ನು ಬಿಚ್ಚಿ ಬದಿಗಿಟ್ಟರೆ ಆ 38 ಮಿಲಿ ಆಂಪಿಯರಿನ ಎಳೆತ ಅಲ್ಲಿಗೇ ನಿಲ್ಲುತ್ತದೆ, ಉಳಿಯುವುದು ಬ್ಯಾಟರಿಯ ಸ್ವಂತ ಸೋರಿಕೆ ಮಾತ್ರ. ಇದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್. ನೆಗೆಟಿವನ್ನೇ ಬಿಚ್ಚಬೇಕೆನ್ನುವುದಕ್ಕೆ ಕಾರಣವಿದೆ: ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಗೆ ತಗುಲಿದರೆ ನೇರ ಶಾರ್ಟ್ ಆಗುತ್ತದೆ. ಕೇಬಲ್ ಬಿಚ್ಚಿಟ್ಟರೆ ಅಲಾರಂ ಇರುವುದಿಲ್ಲ, ಗಡಿಯಾರ ಮತ್ತೆ ಹೊಂದಿಸಬೇಕು, ಕೆಲವು ಕಾರುಗಳಲ್ಲಿ ಎಲ್ಲಿಯವರೆಗೆ ಏರಿಳಿಯಬೇಕೆಂದು ಕಿಟಕಿಗಳಿಗೆ ಮತ್ತೆ ಪಾಠ ಹೇಳಬೇಕಾಗುತ್ತದೆ, ರೇಡಿಯೊ ಕೋಡ್ ಕೇಳಬಹುದು. ಇಷ್ಟನ್ನು ಸಹಿಸಬಲ್ಲವರಿಗೆ ಮೇಂಟೇನರ್ ಅನಗತ್ಯ.

ಆದರೆ ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರೆ ಸಾಕು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸ್ಟಾರ್ಟ್ ಮಾಡಲು ಖರ್ಚಾಗುವುದು ಕಡಿಮೆಯೇ. ಸೆಲ್ಫ್ ಮೋಟಾರು 200 ಆಂಪಿಯರಿನಂತೆ ಎರಡು ಸೆಕೆಂಡ್ ಎಳೆದರೂ ಅದು 0.11 ಆಂಪಿಯರ್ ಅವರ್ ಅಷ್ಟೆ. ತೊಂದರೆ ಇರುವುದು ಉಳಿದ ಆರೇಳು ದಿನಗಳಲ್ಲಿ ಹೋದ ಆರೂವರೆಯನ್ನು ತುಂಬುವುದರಲ್ಲಿ. ನಿಂತಲ್ಲೇ ನಿಧಾನವಾಗಿ ತಿರುಗುವ ಎಂಜಿನ್ನಿನ ಆಲ್ಟರ್ನೇಟರ್ ಹತ್ತು ನಿಮಿಷದಲ್ಲಿ ಅಷ್ಟನ್ನು ತುಂಬಲಾರದು, ಅದರಲ್ಲೂ ಏಸಿ ಮತ್ತು ದೀಪ ಹಾಕಿದ್ದರೆ ಬ್ಯಾಟರಿಗೆ ಉಳಿಯುವುದು ಚೂರುಪಾರು. ಜೊತೆಗೆ ಎಂಜಿನ್ ಸರಿಯಾಗಿ ಕಾಯದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರಿನ ಪಸೆ ನಿಲ್ಲುತ್ತದೆ. ಚಾಲೂ ಮಾಡುವುದೇ ಆದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ ತರಬೇಕು. ಡ್ಯಾಶ್‌ಬೋರ್ಡಿನ ಮೇಲಿಡುವ ಸಣ್ಣ ಸೋಲಾರ್ ಫಲಕವನ್ನು ನಾನು ಸ್ವತಃ ಬಳಸಿಲ್ಲ. ಬಿಸಿಲಿರುವ ಜಾಗದಲ್ಲಿ ನಿಲ್ಲುವ ಕಾರಿಗೆ ಅದು ಹೊಂದಬಹುದು; ಆದರೆ ಕೀಲಿ ತೆಗೆದ ಮೇಲೆ ಲೈಟರ್ ಸಾಕೆಟ್ ಬಂದ್ ಆಗುವ ಕಾರುಗಳಲ್ಲಿ ಅಲ್ಲಿಗೆ ಸಿಕ್ಕಿಸಿದ ಫಲಕದಿಂದ ಬ್ಯಾಟರಿಗೆ ಏನೂ ತಲುಪುವುದಿಲ್ಲ.

ಕಾರು ನಿಲ್ಲುವ ಜಾಗಕ್ಕೆ ಪ್ಲಗ್ ಪಾಯಿಂಟ್ ಎಟಕುತ್ತಿದ್ದರೆ, ಅಲಾರಂ ಸದಾ ಎಚ್ಚರವಿರಬೇಕೆಂದಿದ್ದರೆ, ತಿಂಗಳಿಗೆ ಒಂದೆರಡು ಸಲವಷ್ಟೇ ಗಾಡಿ ತೆಗೆಯುವ ಅಭ್ಯಾಸವಿದ್ದರೆ ಮೇಂಟೇನರ್ ಖಂಡಿತ ಕೊಳ್ಳಬಹುದಾದ ವಸ್ತು. ಎಲೆಕ್ಟ್ರಿಕ್ ಕಾರಿನವರೂ ಇದನ್ನು ತಮಗೆ ಸಂಬಂಧಿಸದ ವಿಷಯವೆಂದು ಬಿಡಬಾರದು. ಅವುಗಳಲ್ಲೂ ಬಾಗಿಲು, ದೀಪ, ಕಂಪ್ಯೂಟರುಗಳಿಗೆಂದು ಬಹುಪಾಲು ಒಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ, ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಅಂಥ ಕಾರಿಗೆ ಮೇಂಟೇನರ್ ಹಾಕುವ ಮುನ್ನ ಕೈಪಿಡಿಯಲ್ಲಿ ಆ ಬ್ಯಾಟರಿ ಯಾವ ಬಗೆಯದೆಂದು ನೋಡಿಕೊಳ್ಳಬೇಕು.

ನನ್ನ ಮಾದರಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ವಿದ್ಯುತ್ ಬಂದ ಮೇಲೆ ತಾನಾಗಿ ಮುಂದುವರಿಯುವಂತಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ. ಸದ್ಯಕ್ಕೆ ಊರು ಬಿಡುವ ದಿನಗಳಲ್ಲಿ ಅದನ್ನು ನಂಬದೆ ನೆಗೆಟಿವ್ ಕೇಬಲ್ ಬಿಚ್ಚಿ ಹೋಗುತ್ತಿದ್ದೇನೆ, ಮನೆಯಲ್ಲಿರುವಾಗ ಮಾತ್ರ ಹಸಿರು ದೀಪವನ್ನು ದಿನಕ್ಕೊಮ್ಮೆ ನೋಡಿ ಬರುತ್ತೇನೆ.