ಐದು ವಾದ್ಯ, ಒಂದೇ ಮೈಕ್: ಹವ್ಯಾಸಿ ಬ್ಲೂಗ್ರಾಸ್ ತಂಡಕ್ಕೆ ಆಡಿಯೋ-ಟೆಕ್ನಿಕಾ ಎಟಿ4033

ಬ್ಲೂಗ್ರಾಸ್ ಅಂದರೆ ಅಮೆರಿಕದ ಜನಪದ ಶೈಲಿಯ ತಂತಿವಾದ್ಯ ಸಂಗೀತ. ಅದರ ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಹುಟ್ಟುವುದು ಜ್ಯಾಮ್‌ನಲ್ಲಿ, ಅಂದರೆ ಸುಮ್ಮನೆ ಜೊತೆ ಸೇರಿ ನುಡಿಸುವ ಕೂಟದಲ್ಲಿ. ಗಿಟಾರ್, ಮ್ಯಾಂಡೊಲಿನ್, ಬ್ಯಾಂಜೋ, ಫಿಡಲ್, ಡಬಲ್ ಬೇಸ್ ಹಿಡಿದು ಐದು ಜನ ದುಂಡಗೆ ಕೂತು ನುಡಿಸುವಾಗ ಎಲ್ಲವೂ ಕೂಡಿಬರುತ್ತದೆ. ಅದೇ ಐವರು ವೇದಿಕೆ ಹತ್ತಿ ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್ ಇಟ್ಟ ಕೂಡಲೇ ತಂಡ ಬಿಡಿಬಿಡಿಯಾಗುತ್ತದೆ. ಬ್ಯಾಂಜೋ ಎಲ್ಲರನ್ನೂ ಮುಳುಗಿಸುತ್ತದೆ, ಮೂರು ದನಿಯ ಹಾರ್ಮನಿ ಮೂರು ದಿಕ್ಕಿಗೆ ಹೋಗುತ್ತದೆ. ಇದು ಅಭ್ಯಾಸದ ಕೊರತೆಯಲ್ಲ. ದುಂಡಗೆ ಕೂತಾಗ ಪಕ್ಕದವರನ್ನು ಕೇಳಿಸಿಕೊಂಡು ಕೈ ಹಗುರ ಮಾಡುತ್ತಿದ್ದರು. ವೇದಿಕೆಯಲ್ಲಿ ಆ ಕೆಲಸ ಮಿಕ್ಸರ್ ಮುಂದೆ ಕೂತವರ ಪಾಲಾಯಿತು. ಅದನ್ನು ತಂಡದ ಕೈಗೇ ವಾಪಸ್ ಕೊಡುವುದು ನಡುವೆ ನಿಲ್ಲಿಸಿದ, ದೂರದ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ಒಂದೇ ಕಂಡೆನ್ಸರ್ ಮೈಕ್. ಅಂಥವುಗಳಲ್ಲಿ ಹವ್ಯಾಸಿಗಳಿಗೆ ಧೈರ್ಯವಾಗಿ ಹೇಳಬಹುದಾದ ಮಾದರಿ ಎಟಿ4033.

ಈ ಪದ್ಧತಿ ಹೊಸದೇನಲ್ಲ. ಬ್ಲೂಗ್ರಾಸ್‌ನ ಜನಕ ಎನಿಸಿದ ಬಿಲ್ ಮನ್ರೋ ತಂಡದಲ್ಲಿ ಲೆಸ್ಟರ್ ಫ್ಲ್ಯಾಟ್, ಅರ್ಲ್ ಸ್ಕ್ರಗ್ಸ್ ಇದ್ದ 1946ರ ಹೊತ್ತಿಗೆ ರೇಡಿಯೋ ವೇದಿಕೆಗಳಲ್ಲಿ ಒಂದೇ ಮೈಕಿನ ಸುತ್ತ ನುಡಿಸುವುದು ರೂಢಿ. ಸರದಿ ಬಂದವರು ಮುಂದೆ, ಉಳಿದವರು ಹಿಂದೆ. 1990ರ ದಶಕದಲ್ಲಿ ಡೆಲ್ ಮೆಕೂರಿ ತಂಡ ಅದನ್ನು ಮತ್ತೆ ಚಾಲ್ತಿಗೆ ತಂದಿತು.

ಎಟಿ4033ಕ್ಕೆ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕಿನ ಕೇಬಲ್‌ನಲ್ಲೇ ಬರುವ ವಿದ್ಯುತ್, ಬೇಕು. ಕೇಬಲ್ ಸಿಕ್ಕಿಸಿ, ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಪೂರ್ತಿ ಇಳಿಸಿ, ಆಮೇಲೆ ಫ್ಯಾಂಟಮ್ ಒತ್ತಿ. ಇಲ್ಲವಾದರೆ ಸ್ಪೀಕರ್ ಧಡ್ ಎಂದು ಹೊಡೆಯುತ್ತದೆ. ಮೈಕ್ ಕೇಳಿಸಿಕೊಳ್ಳುವುದು ಪಕ್ಕದಿಂದ, ನೆತ್ತಿಯಿಂದಲ್ಲ. ಮೊದಲ ಸಲ ಬಳಸುವವರು ತಪ್ಪುವುದು ಇಲ್ಲೇ: ಐಸ್‌ಕ್ರೀಮ್ ಕೋನ್ ಆಕಾರದ ಮಾಮೂಲಿ ಮೈಕಿನಂತೆ ತುದಿಯನ್ನು ಬಾಯಿಗೆ ತಿರುಗಿಸಿ, ದನಿ ತೆಳು ಅನ್ನುತ್ತಾರೆ. ಇದು ಕಾರ್ಡಿಯಾಯ್ಡ್, ಅಂದರೆ ಎದುರಿನದ್ದು ಚೆನ್ನಾಗಿ ಕೇಳುತ್ತದೆ, ಬೆನ್ನಿನದ್ದು ಬಹುಪಾಲು ಕೇಳುವುದಿಲ್ಲ. ನೇರ ಬದಿಗೆ, ಅಂದರೆ 90 ಡಿಗ್ರಿಯಲ್ಲಿ ನಿಂತವರ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಅಳತೆ) ಕಡಿಮೆ ಕೇಳುತ್ತದೆ. ಹಾಗಾಗಿ ಪೂರ್ತಿ ವೃತ್ತ ಬೇಡ, ಬಿಲ್ಲಿನಂತೆ ಬಾಗಿದ ಸಾಲು ಸಾಕು. ಸದ್ದನ್ನು 10 ಡೆಸಿಬೆಲ್ ತಗ್ಗಿಸುವ ಪ್ಯಾಡ್ ಸ್ವಿಚ್ ಮುಟ್ಟುವುದೇ ಬೇಡ, ಈ ವಾದ್ಯಗಳ ಸದ್ದಿಗೆ ಅದರ ಅಗತ್ಯ ಬೀಳುವುದಿಲ್ಲ.

ಎತ್ತರ: ಹಾಡುವವರ ಗದ್ದಕ್ಕಿಂತ ನಾಲ್ಕು ಬೆರಳು ಕೆಳಗೆ. ಹಾಡು ಮೇಲಿನಿಂದ, ವಾದ್ಯ ಕೆಳಗಿನಿಂದ ಬರಲು ಅದು ನಡುವಿನ ಜಾಗ. ಹಾರ್ಮನಿಗೆ ಮೂವರೂ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ, ಮೈಕಿನಿಂದ 40–50 ಸೆಂಟಿಮೀಟರ್ ದೂರದಲ್ಲಿರಲಿ. ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 30ರಿಂದ 60 ಸೆಂಟಿಮೀಟರ್‌ಗೆ, ಒಂದೇ ಒಂದು ಸಣ್ಣ ಹೆಜ್ಜೆಗೆ, ಇಷ್ಟು ವ್ಯತ್ಯಾಸ. ಇಲ್ಲಿ ಫೇಡರ್ ಇರುವುದು ಕಾಲಿನಲ್ಲಿ. ಗಿಟಾರ್ ಅತಿ ಮೆದು, ಸೋಲೋಗೆ ಅದನ್ನು ಎದೆಯವರೆಗೆ ಎತ್ತಿ 15–20 ಸೆಂಟಿಮೀಟರ್‌ಗೆ ತರಬೇಕು. ಫಿಡಲ್‌ನವರಿಗೆ ಸಾಲಿನಲ್ಲಿ ಅವರ ಬಲಗಡೆ ಯಾರೂ ಇಲ್ಲದ ತುದಿ ಕೊಡಿ, ಕಮಾನು ಎಳೆಯುವ ಮೊಣಕೈಗೆ ಜಾಗ ಬೇಕು.

ಸರದಿ ಬದಲಾಗುವ ಆ ಎರಡು ಸೆಕೆಂಡ್ ತಂಡದ ನಿಜವಾದ ಪರೀಕ್ಷೆ. ಬ್ಯಾಂಜೋ ಸೋಲೋ ಪಲ್ಲವಿ ಮುಗಿದ ಮೇಲೆ ಶುರುವಾಗುವುದಿಲ್ಲ; ತಾಳದ ಸಮಕ್ಕೆ ಮೊದಲೇ ಮೂರು ನಾಲ್ಕು ಸ್ವರ ಬಂದಿರುತ್ತವೆ. ಹಾಡು ಮುಗಿಯಲಿ ಎಂದು ಕಾದರೆ ಆ ಸ್ವರಗಳು ಮೈಕಿಗೆ ಸಿಗದೆ ಹೋಗುತ್ತವೆ, ಸೋಲೋ ತಲೆಯಿಲ್ಲದೆ ಹುಟ್ಟುತ್ತದೆ. ಕೊನೆಯ ಸಾಲಿನ ಅರ್ಧದಲ್ಲೇ ಬ್ಯಾಂಜೋದವರು ಹೊರಡಬೇಕು, ವಾದ್ಯದ ಕುತ್ತಿಗೆಯನ್ನು ಮೇಲಕ್ಕೆ ಎತ್ತಿಕೊಂಡು. ಅಡ್ಡ ಹಿಡಿದು ಬಂದರೆ ಪಕ್ಕದವರ ಗಿಟಾರ್‌ಗೆ ತಾಗುತ್ತದೆ. ಹಾಡಿದವರು ಕೊನೆಯ ಪದದ ಜೊತೆಗೇ ಹಿಂದೆ ಸರಿಯಬೇಕು. ಬರುವುದು ಎಡದಿಂದ, ಹೋಗುವುದು ಬಲಕ್ಕೆ ಎಂದು ಒಮ್ಮೆ ಮಾತಾಡಿಕೊಂಡರೆ ಡಿಕ್ಕಿ ತಪ್ಪುತ್ತದೆ. ಬ್ಯಾಂಜೋ 30 ಸೆಂಟಿಮೀಟರ್‌ನಲ್ಲೇ ನಿಲ್ಲಲಿ. ಮ್ಯಾಂಡೊಲಿನ್ ಹಿಂದಿನಿಂದ ಚಾಪ್ (ತಾಳಕ್ಕೆ ತುಂಡರಿಸಿ ಹೊಡೆಯುವ ಪೆಟ್ಟು) ಹೊಡೆಯುತ್ತಿರಲಿ, ಒಂದು ಮೀಟರ್ ದೂರದಿಂದಲೂ ಅದು ಕೇಳುತ್ತದೆ. ಈ ಹೆಜ್ಜೆಗಳನ್ನು ಮೈಕ್ ಇಲ್ಲದೆ, ಬರೀ ಸ್ಟ್ಯಾಂಡ್ ಇಟ್ಟುಕೊಂಡು ಮನೆಯಲ್ಲೇ ಕಲಿಯಬಹುದು. ಕಲಿಯಲೇಬೇಕು.

ಫೀಡ್‌ಬ್ಯಾಕ್, ಅಂದರೆ ಸ್ಪೀಕರ್ ಸದ್ದು ಮತ್ತೆ ಮೈಕಿಗೆ ಹೊಕ್ಕು ಕಿರುಚುವುದು, ಈ ಮೈಕಿನ ದೊಡ್ಡ ತಲೆನೋವು. ದೂರದ ಸದ್ದನ್ನು ಹಿಡಿಯಲು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಿಡಬೇಕು, ಹೆಚ್ಚಿಟ್ಟಷ್ಟೂ ಕಿರುಚುವ ಅಪಾಯ. ವೇದಿಕೆಯ ಮಾನಿಟರ್ ಸ್ಪೀಕರ್‌ಗಳನ್ನು ಆರಿಸಿಬಿಡಿ. ಇಷ್ಟು ಹತ್ತಿರ ನಿಂತವರಿಗೆ ಅವು ಬೇಕಿಲ್ಲ. ಮುಖ್ಯ ಸ್ಪೀಕರ್‌ಗಳು ಮೈಕಿನ ಬೆನ್ನಿನ ಕಡೆ, ಕೇಳುಗರತ್ತ ಕನಿಷ್ಠ ಎರಡು ಮೀಟರ್ ಮುಂದಿರಲಿ. ತಂಡದ ಹಿಂದೆ ಬರಿಗೋಡೆ ಇದ್ದರೆ ಸ್ಪೀಕರ್ ಸದ್ದು ಅದಕ್ಕೆ ಬಡಿದು ಮೈಕಿನ ಮುಖಕ್ಕೇ ಬರುತ್ತದೆ, ದಪ್ಪ ಪರದೆ ಇಳಿಬಿಡಿ. ಆಮೇಲೆ ಎಲ್ಲರೂ ತಮ್ಮ ಜಾಗದಲ್ಲಿ ನಿಂತಿರುವಾಗ ಗೇನ್ ನಿಧಾನ ಏರಿಸಿ. ಮೊದಲ ಸಿಳ್ಳೆ ಯಾವ ಆವರ್ತನದಲ್ಲಿ ಬಂತೋ ಅದನ್ನು 31 ಬ್ಯಾಂಡ್ ಈಕ್ವಲೈಸರ್‌ನಲ್ಲಿ (ಒಂದೊಂದು ಆವರ್ತನದ ಪಟ್ಟಿಯನ್ನು ಬೇರೆಬೇರೆಯಾಗಿ ಏರಿಳಿಸುವ ಸಾಧನ) 3 ಡೆಸಿಬೆಲ್ ಇಳಿಸಿ, ಮತ್ತೆ ಏರಿಸಿ. ಇಂಥ ಮೂರು ನಾಲ್ಕು ಕಡಿತ ಸಾಕು. ಹತ್ತು ಕಡೆ ಕತ್ತರಿಸಿದರೆ ಹಾಡು ಡಬ್ಬದೊಳಗಿನಿಂದ ಬಂದಂತಾಗುತ್ತದೆ. ಕೊನೆಗೆ ಒಟ್ಟು ಗೇನ್ 3 ಡೆಸಿಬೆಲ್ ಇಳಿಸಿ ಅಲ್ಲಿಗೇ ಬಿಡಿ. ಹಾಡಿನ ಮಧ್ಯೆ ಮಿಕ್ಸರ್‌ನವರು ಫೇಡರ್ ಆಡಿಸಿದರೆ ತಂಡದ ಹೆಜ್ಜೆಯ ಲೆಕ್ಕವೆಲ್ಲ ಕೆಡುತ್ತದೆ.

ಬೇಸ್ ಮಾತ್ರ ಈ ಮೈಕಿಗೆ ಒಗ್ಗುವುದಿಲ್ಲ. ಕಾಲಿನ ದಡಬಡ ತಡೆಯಲು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ಕಡಿಯುವ ಲೋ-ಕಟ್ ಸ್ವಿಚ್ ಹಾಕಲೇಬೇಕು. ಆದರೆ ಬೇಸಿನ ಕೆಳಗಿನ ಮೂರು ತಂತಿಗಳ ಬಿಡಿ ಸ್ವರಗಳು 41, 55, 73 ಹರ್ಟ್ಜ್, ಮೂರೂ ಆ ಗೆರೆಯ ಕೆಳಗೇ. ಬೇಸಿನ ಬ್ರಿಜ್‌ಗೆ (ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ) ಪಿಕಪ್, ಅಂದರೆ ಕಂಪನ ಹಿಡಿಯುವ ಸಾಧನ, ಹಾಕಿ ಬೇರೆ ಚಾನೆಲ್ ಕೊಡಿ. ಇದರಿಂದ ಒಂದೇ ಮೈಕಿನ ಸೊಗಸಿಗೆ ಏನೂ ಕುಂದಿಲ್ಲ.

ಡ್ರಮ್ಸ್ ಇರುವ ತಂಡ, ಜನ ಗಟ್ಟಿಯಾಗಿ ಮಾತಾಡುವ ಜಾಗ, ಜಾಗ ಬಿಟ್ಟು ಕದಲದ ಹಾಡುಗಾರರು: ಈ ಮೂರಕ್ಕೂ ಇದನ್ನು ಕೊಳ್ಳಬೇಡಿ, ಬಾಯಿಗೆ ಹತ್ತಿರ ಹಿಡಿಯುವ ಡೈನಾಮಿಕ್ ಮೈಕ್‌ಗಳೇ ಒಳ್ಳೆಯವು. ಬಯಲಿನಲ್ಲಿ ನುಡಿಸುವುದಾದರೆ ಫೋಮ್ ಹೊದಿಕೆ ಕಡ್ಡಾಯ, ಸಣ್ಣ ಗಾಳಿಗೂ ಇದು ಗುಡುಗುತ್ತದೆ. ಸ್ಟ್ಯಾಂಡ್ ದುಂಡನೆ ಭಾರದ ತಳದ್ದಾಗಿರಲಿ. ಮೂರು ಕಾಲಿನದ್ದಾದರೆ ಎಡಕ್ಕೆ ಬಲಕ್ಕೆ ಓಡಾಡುವ ಐವರಲ್ಲಿ ಒಬ್ಬರಾದರೂ ಎಡವುತ್ತಾರೆ.